ಶಾಲು ಹೊದಿಸುವ ಮೊದಲು ಹಾಜರಿ ಪುಸ್ತಕ ತೆರೆಯಿರಿ

ಶಿರಸಿಯ ಅಡಿಕೆ ವಖಾರಿ, ಕುಮಟೆಯ ಬಟ್ಟೆ ಅಂಗಡಿ, ಕಾರವಾರದ ಬೈತಖೋಲ ಬಂದರಿನ ಐಸ್ ಪ್ಲಾಂಟ್: ಇಂಥ ಜಾಗಗಳಲ್ಲಿ ಇಪ್ಪತ್ತು-ಮೂವತ್ತು ವರ್ಷ ಒಂದೇ ಕಡೆ ದುಡಿದವರು ಒಬ್ಬರಾದರೂ ಸಿಗುತ್ತಾರೆ. ಅವರಿಗೊಂದು ಸನ್ಮಾನ ಮಾಡಬೇಕೆಂದು ಮಾಲೀಕರಿಗೆ ಅನ್ನಿಸುವುದು ಸಾಮಾನ್ಯವಾಗಿ ಆಯುಧ ಪೂಜೆಗೆ ನಾಲ್ಕು ದಿನ ಇರುವಾಗ. ಆಗ ಶಾಲು, ಹಾರ, ಫಲಕ ಕೊಳ್ಳುವುದಷ್ಟೇ ಆಗುತ್ತದೆ. ಸರಿಯಾಗಿ ಮಾಡಲು ಕನಿಷ್ಠ ಎರಡು ತಿಂಗಳು ಬೇಕು. ಅದರಲ್ಲಿ ಅರ್ಧ ಸಮಯ ಲೆಕ್ಕಕ್ಕೇ ಹೋಗುತ್ತದೆ, ಹೋಗಬೇಕು ಕೂಡ.

ಮೊದಲು ಸೇರಿದ ದಿನ ಹುಡುಕಿ

ಹೆಚ್ಚಿನ ತಪ್ಪು ಆಗುವುದು ಇಲ್ಲೇ. ಪಿಎಫ್ ಖಾತೆ ತೆರೆದ ದಿನವನ್ನೇ ಕೆಲಸಕ್ಕೆ ಸೇರಿದ ದಿನ ಎಂದು ಬರೆದುಬಿಡುತ್ತಾರೆ. ಅದಕ್ಕೂ ಮೊದಲು ಮೂರ‍್ನಾಲ್ಕು ವರ್ಷ ದಿನಗೂಲಿಯ ಮೇಲೆ ದುಡಿದದ್ದು ಬಿಟ್ಟುಹೋಗುತ್ತದೆ. ಹಳೆಯ ಹಾಜರಿ ಪುಸ್ತಕ, ಪಗಾರದ ರಿಜಿಸ್ಟರ್, ಬೋನಸ್ ಸಹಿ ಹಾಕಿಸಿಕೊಂಡ ಹಾಳೆ ಮೂರನ್ನೂ ತೆಗೆದು ನೋಡಿ. ಯಾವುದೂ ಸಿಗದಿದ್ದರೆ ಅದೇ ಕಾಲದಲ್ಲಿ ಸೇರಿದ ಇಬ್ಬರನ್ನು ಕೇಳಿ, ಅವರು ಹೇಳಿದ್ದನ್ನು ಬರೆದು ಸಹಿ ಮಾಡಿಸಿ ಕಡತಕ್ಕೆ ಸೇರಿಸಿ.

ಪಟ್ಟಿಯಲ್ಲಿ ಯಾರು ಬಿಟ್ಟುಹೋಗುತ್ತಾರೆ ಎಂಬುದು ಬಹುಮಟ್ಟಿಗೆ ಮೊದಲೇ ಗೊತ್ತಿರುವ ಸಂಗತಿ: ಹಮಾಲರು, ಕಸ ಗುಡಿಸುವವರು, ರಾತ್ರಿ ಕಾವಲುಗಾರ, ಕಿಲೋ ಲೆಕ್ಕದಲ್ಲಿ ಅಡಿಕೆ ಸುಲಿಯುವ ಹೆಂಗಸರು. ಹಂಗಾಮಿಗೆ ಮಾತ್ರ ಬರುವವರ ವರ್ಷಗಳನ್ನು ಹಂಗಾಮಿನ ಲೆಕ್ಕದಲ್ಲೇ ಎಣಿಸಿ. ‘ಹದಿನೆಂಟು ಸುಗ್ಗಿ’ ಎಂದು ಮಾನಪತ್ರದಲ್ಲಿ ಬರೆದರೆ ಅದಕ್ಕೇನೂ ಕುಂದಿಲ್ಲ. ಬೋಟಿನಲ್ಲಿ ಪಾಲಿನ ಮೇಲೆ ದುಡಿಯುವವರಿಗೆ ಹಾಜರಿ ಪುಸ್ತಕವೇ ಇರುವುದಿಲ್ಲ. ಅಲ್ಲಿ ಪಾಲು ಹಂಚಿದ ವಹಿಯೇ ಆಧಾರ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳನ್ನು ಸೇವೆ ತಪ್ಪಿದ ದಿನಗಳೆಂದು ಕಳೆಯಬೇಡಿ.

ಹೆಸರನ್ನೂ ಈಗಲೇ ಸರಿಮಾಡಿಕೊಳ್ಳಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನಾಯ್ಕ, ಗೌಡ, ಹೆಗಡೆ, ಭಟ್ಟ ಎಂದರೆ ಒಂದೇ ಅಂಗಡಿಯಲ್ಲಿ ಒಂದೇ ಹೆಸರಿನ ಇಬ್ಬರಿರುತ್ತಾರೆ. ತಂದೆಯ ಹೆಸರು, ಊರಿನ ಹೆಸರು ಜೊತೆಗಿರಲಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಿಎಫ್ ಮೂರರಲ್ಲೂ ಒಂದೇ ಕಾಗುಣಿತ ಇದೆಯೇ ನೋಡಿ. ನಿವೃತ್ತಿಯಾದ ಮೇಲೆ ಹಣ ಸಿಕ್ಕಿಹಾಕಿಕೊಳ್ಳುವುದು ಬಹಳ ಸಲ ಈ ಒಂದಕ್ಷರದಲ್ಲಿ.

ಯಾವ ವರ್ಷಕ್ಕೆ ಏನು

ಐದು, ಹತ್ತು, ಹದಿನೈದು ಎಂದು ಪ್ರತಿ ಮೆಟ್ಟಿಲಿಗೂ ಸಮಾರಂಭ ಇಟ್ಟುಕೊಂಡರೆ ಮೂರನೇ ವರ್ಷಕ್ಕೆ ಅದು ಬರೀ ಹಾಜರಿ ಕರೆದಂತಾಗುತ್ತದೆ. ಮೆಟ್ಟಿಲುಗಳನ್ನು ಕಾನೂನೇ ಕಟ್ಟಿಕೊಟ್ಟಿದೆ, ಅದನ್ನೇ ಬಳಸಿ.

ಐದು ವರ್ಷ: ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಮಾಲೀಕರು ಕೊಡಬೇಕಾದ ಹಣಕ್ಕೆ, ಅರ್ಹತೆ. ಒಂದು ಪತ್ರ ಸಾಕು, ಆದರೆ ಅದರಲ್ಲಿ ‘ನೀವು ಈಗ ಗ್ರಾಚ್ಯುಟಿಗೆ ಅರ್ಹರು’ ಎಂಬ ಸಾಲು ಇರಲಿ. ಹತ್ತು ವರ್ಷ: 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿಗೆ ಅರ್ಹತೆ. ಇಪ್ಪತ್ತು ವರ್ಷ: ಅದೇ ಯೋಜನೆಯಲ್ಲಿ ಸೇವೆಗೆ ಎರಡು ವರ್ಷ ಹೆಚ್ಚುವರಿಯಾಗಿ ಸೇರುತ್ತದೆ. ಇಪ್ಪತ್ತೈದು ಮತ್ತು ನಿವೃತ್ತಿ ಮಾತ್ರ ಸಭೆ ಸೇರಿಸಿ ಮಾಡುವಂಥವು.

ಗ್ರಾಚ್ಯುಟಿಯ ಲೆಕ್ಕವನ್ನು ಮಾಲೀಕರೇ ಕಲಿತುಕೊಳ್ಳಬೇಕು. ಹತ್ತು ಅಥವಾ ಹೆಚ್ಚು ಮಂದಿ ಇರುವ ಅಂಗಡಿ, ಕಾರ್ಖಾನೆಗೆ ಇದು ಅನ್ವಯ. ಒಮ್ಮೆ ಅನ್ವಯವಾದ ಮೇಲೆ ಮಂದಿ ಒಂಬತ್ತಕ್ಕೆ ಇಳಿದರೂ ಹೊಣೆ ತಪ್ಪುವುದಿಲ್ಲ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಿ. ವೇತನ 18,200 ಇದ್ದರೆ ದಿನಕ್ಕೆ 700, ಹದಿನೈದು ದಿನಕ್ಕೆ 10,500. 24 ವರ್ಷ 7 ತಿಂಗಳ ಸೇವೆ 25 ಎಂದೇ ಲೆಕ್ಕ, ಏಕೆಂದರೆ ಆರು ತಿಂಗಳು ದಾಟಿದ್ದು ಪೂರ್ಣ ವರ್ಷ. ಒಟ್ಟು 2,62,500 ರೂಪಾಯಿ. ಹಂಗಾಮಿನಲ್ಲಷ್ಟೇ ನಡೆಯುವ ಘಟಕಗಳಲ್ಲಿ ಹಂಗಾಮಿಗಷ್ಟೇ ಬರುವವರಿಗೆ ಪ್ರತಿ ಹಂಗಾಮಿಗೆ ಏಳು ದಿನದ ವೇತನ. ತುಂಡು ಕೆಲಸದವರಿಗೆ ಕೊನೆಯ ಮೂರು ತಿಂಗಳ ಗಳಿಕೆಯ ಸರಾಸರಿ ಹಿಡಿಯಬೇಕು. ಹಣ ಸಲ್ಲಬೇಕಾದ ದಿನದಿಂದ 30 ದಿನದೊಳಗೆ ಕೊಡದಿದ್ದರೆ ಬಡ್ಡಿ ಬೀಳುತ್ತದೆ.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚಿನ ಭಾಗವೂ ವೇತನಕ್ಕೆ ಸೇರುತ್ತದೆ. ಮೂಲ ವೇತನ ಸಣ್ಣದಿಟ್ಟು ಭತ್ಯೆ ದೊಡ್ಡದು ಮಾಡಿಟ್ಟವರು ಹಳೆಯ ಲೆಕ್ಕವನ್ನು ಇನ್ನೊಮ್ಮೆ ಮಾಡಿಸಲಿ. ನಿಗದಿತ ಅವಧಿಯ ನೇಮಕದವರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಅರ್ಹತೆ ಬರುತ್ತದೆ.

ಗ್ರಾಚ್ಯುಟಿ ಅವರ ಹಕ್ಕು, ನಿಮ್ಮ ಉಡುಗೊರೆಯಲ್ಲ. ಅದರ ಚೆಕ್ಕನ್ನು ವೇದಿಕೆಯಲ್ಲಿ ಹಿಡಿದು ಫೋಟೊ ತೆಗೆಸುವುದು ಸಾಲ ತೀರಿಸುವಾಗ ಬ್ಯಾಂಡ್ ಬಾರಿಸಿದಂತೆ.

ನಾಮನಿರ್ದೇಶನವನ್ನೂ ಇದೇ ಸಮಯದಲ್ಲಿ ತೆರೆದು ನೋಡಿ. ಮದುವೆಗೆ ಮೊದಲು ಬರೆಸಿದ್ದು ಹಾಗೇ ಉಳಿದಿದ್ದರೆ ಹೊಸದು ಬರೆಸಬೇಕು.

ಏನು ಕೊಡಬೇಕು

ಬೆಳ್ಳಿ-ಬಂಗಾರ ಕೊಡುವುದಾದರೆ ರೂಪಾಯಿಯಲ್ಲಿ ಅಲ್ಲ, ತೂಕದಲ್ಲಿ ನಿಗದಿ ಮಾಡಿ. ದರ ಏರಿದ ವರ್ಷ ಇಪ್ಪತ್ತೈದು ತುಂಬಿಸಿದವರಿಗೆ ಹೋದ ವರ್ಷದವರಿಗಿಂತ ಸಣ್ಣ ದೀಪ ಸಿಕ್ಕಿತೆಂದರೆ ಅದು ಊರಿಗೆಲ್ಲ ಗೊತ್ತಾಗುತ್ತದೆ. ಬಂಗಾರದ ಒಡವೆಯಾದರೆ ಹಾಲ್‌ಮಾರ್ಕ್ ಜೊತೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಆ ಒಡವೆಯ ಗುರುತಿನ ಸಂಖ್ಯೆ) ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿ ನೋಡಬಹುದು. ಬಿಲ್ಲನ್ನೂ ಪೆಟ್ಟಿಗೆಯಲ್ಲೇ ಇಡಿ. ನಾಳೆ ಮಗಳ ಮದುವೆಗೋ ಆಸ್ಪತ್ರೆಗೋ ಅಡವಿಡಬೇಕಾಗಿ ಬಂದರೆ ಬಿಲ್ಲು ಕೇಳಲು ಅವರು ನಿಮ್ಮ ಬಾಗಿಲಿಗೆ ಬರುವಂತಾಗಬಾರದು. ಒಬ್ಬ ನೌಕರರಿಗೆ ವರ್ಷಕ್ಕೆ 50,000 ರೂಪಾಯಿವರೆಗಿನ ಉಡುಗೊರೆಯನ್ನು ಜಿಎಸ್‌ಟಿ ಕಾನೂನು ಸರಬರಾಜು ಎಂದು ಎಣಿಸುವುದಿಲ್ಲ. ನಗದು ಕೊಟ್ಟರೆ ಅದು ಸಂಬಳಕ್ಕೆ ಸೇರಿ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಹಿಂದಿನ ದಿನವೇ ಖಾತೆಗೆ ಹಾಕಿ, ಮೊತ್ತವನ್ನು ಮೈಕಿನಲ್ಲಿ ಹೇಳಬೇಡಿ.

ಸ್ಮರಣಿಕೆಯ ಮಾತು ಬಂದರೆ ನಮ್ಮ ಹವೆಯನ್ನು ಮರೆಯಬಾರದು. ಕಾರವಾರ, ಅಂಕೋಲೆ ಕಡೆ ಉಪ್ಪುಗಾಳಿಗೆ ಅಗ್ಗದ ಲೇಪದ ಫಲಕ ಒಂದೆರಡು ಮಳೆಗಾಲದಲ್ಲಿ ಕಪ್ಪಾಗುತ್ತದೆ, ಅಂಟಿಸಿದ ಹೆಸರಿನ ಸ್ಟಿಕರ್ ಏಳುತ್ತದೆ. ಹೆಸರನ್ನು ಕೊರೆಸಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಗಾಜು ಹಾಕಿದ ಮಾನಪತ್ರದೊಳಗೆ ಬೂಷ್ಟು ಬರುತ್ತದೆ. ಕಾಗದ ಗಾಜಿಗೆ ತಾಗದಂತೆ ನಡುವೆ ದಪ್ಪ ಕಾಗದದ ಅಂಚು ಕೊಟ್ಟು, ಹಿಂಬದಿಗೆ ಪಟ್ಟಿ ಅಂಟಿಸಿ ಮುಚ್ಚಿಸಿ. ನನ್ನ ಮಟ್ಟಿಗೆ ಪ್ಲಾಸ್ಟಿಕ್ ಟ್ರೋಫಿಗಿಂತ ಗುಡಿಗಾರರ ಕೈಯಿಂದ ಆದ ಒಂದು ಸಣ್ಣ ಕೆತ್ತನೆ ಎಷ್ಟೋ ಮೇಲು. ಮೊದಲೇ ಹೇಳಿಟ್ಟರೆ ಒಣಗಿದ ಮರದಲ್ಲಿ ಮಾಡಿಕೊಡುತ್ತಾರೆ. ಅವಸರಕ್ಕೆ ಹಸಿ ಮರದಲ್ಲಿ ಮಾಡಿಸಿದ್ದು ಬೇಸಿಗೆಗೆ ಸೀಳುತ್ತದೆ.

ಮಾನಪತ್ರ

‘ಪ್ರಾಮಾಣಿಕ, ನಿಸ್ವಾರ್ಥ, ದಕ್ಷ ಸೇವೆ’ ಎಂಬ ಮೂರು ಪದಗಳನ್ನು ಹೊಡೆದುಹಾಕಿ, ಉಳಿದದ್ದೇನು ನೋಡಿ. ಏನೂ ಉಳಿಯದಿದ್ದರೆ ಮತ್ತೆ ಬರೆಯಬೇಕು. ಜೊತೆಗೆ ದುಡಿದವರೊಬ್ಬರು, ಮೇಲ್ವಿಚಾರಕರು, ಮನೆಯವರೊಬ್ಬರು, ಹೀಗೆ ಮೂವರನ್ನು ಕೇಳಿ. ರಾಶಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂಬ ಅಡಿಕೆ ಬಗೆಗಳನ್ನು ಕೈಯಲ್ಲಿ ಹಿಡಿದ ಕೂಡಲೇ ಬೇರ್ಪಡಿಸುವವರು, ಹೊಸ ಹುಡುಗರಿಗೆ ತೂಕದ ಪಟ್ಟಿ ಬರೆಯಲು ಕಲಿಸಿದವರು, ನೆರೆಯ ರಾತ್ರಿ ಚೀಲಗಳನ್ನು ಅಟ್ಟಕ್ಕೆ ಏರಿಸಿದವರು ಎಂಬಂಥ ಎರಡು-ಮೂರು ಸಂಗತಿ ಸಿಕ್ಕರೆ ಸಾಕು. ನೂರಿಪ್ಪತ್ತು ಪದ ಮೀರಬೇಡಿ. ಅಚ್ಚಿಗೆ ಕೊಡುವ ಮೊದಲು ಅವರಿಗೇ ಓದಿ ಹೇಳಿ: ವರ್ಷ, ಹೆಸರು ತಪ್ಪಿದ್ದರೆ ಅಲ್ಲೇ ತಿಳಿಯುತ್ತದೆ, ಹೇಳಬಾರದ ಮನೆ ಸಂಗತಿ ಇದ್ದರೂ ತಿಳಿಯುತ್ತದೆ. ಕಾರವಾರದಲ್ಲಿ ಮನೆಮಾತು ಕೊಂಕಣಿಯಾದವರಿಗೆ ಎರಡು ಮಾತು ಕೊಂಕಣಿಯಲ್ಲೇ ಆಡಿಸಿ.

ಆ ದಿನ

ಅಡಿಕೆ ಊರಿನಲ್ಲಿ ಕೊನೆ (ಅಡಿಕೆ ಗೊನೆ) ಕೊಯ್ಲಿನ ತಿಂಗಳು ಬೇಡ, ಯಾರಿಗೂ ಪುರಸೊತ್ತಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವಾರವೂ ಬೇಡ. ಬಂದರಿನಲ್ಲಿ ಮೇ ಕೊನೆಯ ವಾರ ಒಳ್ಳೆಯದು; ಜೂನ್ ಬಂತೆಂದರೆ ಹೊರರಾಜ್ಯದ ಕೆಲಸಗಾರರು ಊರಿಗೆ ಹೋಗಿರುತ್ತಾರೆ.

ಹೊತ್ತು ಬೆಳಿಗ್ಗೆ ಹನ್ನೊಂದು. ಸಂಜೆ ಇಟ್ಟರೆ ಕೊನೆಯ ಬಸ್ಸಿನ ಚಿಂತೆಯಲ್ಲಿ ಊಟಕ್ಕೇ ಯಾರೂ ನಿಲ್ಲುವುದಿಲ್ಲ. ಆ ದಿನದ ಪಗಾರ ಹಿಡಿಯಬಾರದು ಎಂದು ಬೇರೆ ಹೇಳಬೇಕಿಲ್ಲ, ಆದರೂ ಕಿಲೋ ಲೆಕ್ಕದವರ ಪಗಾರ ತಾನಾಗೇ ಹೋಗಿರುತ್ತದೆ. ಅವರಿಗೆ ಸರಾಸರಿ ದಿನದ ಗಳಿಕೆ ಕೊಡಿ. ಮನೆಯವರನ್ನು ಕರೆಯಿರಿ, ವಾಹನ ಕಳಿಸಿ. ಸನ್ಮಾನಿತರ ಕುರ್ಚಿಯೂ ಅತಿಥಿಗಳ ಕುರ್ಚಿಯೂ ಒಂದೇ ಬಗೆಯದಿರಲಿ. ಶಾಲು ಹೊದಿಸಬೇಕಾದವರು ಮಾಲೀಕರು, ಅದೇ ದಿನ ಮೊದಲ ಸಲ ಮುಖ ನೋಡಿದ ಮುಖ್ಯ ಅತಿಥಿಯಲ್ಲ. ಹೆಂಗಸರಿಗೆ ಅರಿಶಿನ-ಕುಂಕುಮ ಕೊಡುವ ಕ್ರಮ ಇಟ್ಟುಕೊಂಡರೆ ಗಂಡ ಇಲ್ಲದವರನ್ನು ಯಾರೋ ಒಬ್ಬರು ದಾಟಿ ಹೋಗುತ್ತಾರೆ. ಎಲ್ಲರಿಗೂ ಹೂವು, ಹಣ್ಣು, ಸೀರೆ ಒಂದೇ ರೀತಿ ಎಂದು ಮೊದಲೇ ತೀರ್ಮಾನಿಸಿ. ಮಾತಾಡಲು ಒತ್ತಾಯ ಬೇಡ. ಭಾಷಣ ಎಲ್ಲ ಸೇರಿ ಇಪ್ಪತ್ತು ನಿಮಿಷ, ಆಮೇಲೆ ಊಟ. ಕೆಲಸಗಾರರಲ್ಲಿ ಮೀನು ತಿನ್ನುವವರೇ ಹೆಚ್ಚಿದ್ದರೆ ವಾರ ನೋಡಿ ಮೀನೂಟವನ್ನೇ ಮಾಡಿಸಿ.

ಮರುದಿನದ ಕೆಲಸ

ಹದಿನೈದು ದಿನದೊಳಗೆ ಫೋಟೊ ತೊಳೆಸಿ ಎರಡು ಪ್ರತಿ ಮನೆಗೆ ಮುಟ್ಟಿಸಿ; ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಗೋಡೆಗೆ ಏರುವುದಿಲ್ಲ. ನಿವೃತ್ತಿಯಾದವರಿಗೆ ಸೇವಾ ಪ್ರಮಾಣಪತ್ರ, ಗ್ರಾಚ್ಯುಟಿ ಲೆಕ್ಕದ ಹಾಳೆ, ಪಿಂಚಣಿ ಅರ್ಜಿಯ ಪ್ರತಿ ಮೂರನ್ನೂ ಒಂದೇ ಫೈಲಿನಲ್ಲಿ ಹಾಕಿ ಕೊಡಿ. ಪಿಂಚಣಿ ಅರ್ಜಿ ತುಂಬಲು ಕಚೇರಿಯ ಗುಮಾಸ್ತರೊಬ್ಬರನ್ನು ಅರ್ಧ ದಿನ ಜೊತೆಗೆ ಕೂರಿಸಿ, ಮೊದಲ ತಿಂಗಳ ಪಿಂಚಣಿ ಖಾತೆಗೆ ಬಂತೇ ಎಂದು ಆ ಗುಮಾಸ್ತರೇ ಫೋನ್ ಮಾಡಿ ಕೇಳಲಿ.