ಹಳೇ ಬೋರ್ಡಿನಲ್ಲಿ ಹೊಸ ಎಸ್‌ಎಸ್‌ಡಿಯಿಂದ ಬೂಟ್ ಮಾಡಿಸುವುದು ಹೇಗೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನ ಭಾವನದ್ದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್, ಮಲಯಾಳದಲ್ಲಿ ಬರೆದುಕೊಡುವ ಅರ್ಜಿ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ. ಮದರ್‌ಬೋರ್ಡು ಎಚ್61 ಎಂಬ ಇಂಟೆಲ್ ಚಿಪ್‌ಸೆಟ್ಟಿನದು, ಪ್ರೊಸೆಸರ್ ಕೋರ್ ಐ3-3220. 2013ರಲ್ಲಿ ಮಂಗಳೂರಿನಿಂದ ತಂದದ್ದು. ಇಷ್ಟು ವರ್ಷದ ಪೇಜ್‌ಮೇಕರ್ ಫೈಲುಗಳು, ಹಳೇ ಕನ್ನಡ ಫಾಂಟುಗಳು ಎಲ್ಲ ಅದರೊಳಗೇ ಇವೆ. ಹೊಸದು ತಗೊಳ್ಳಿ ಅಂದರೆ, "ಇದು ಹಾಳಾಗ್ಲಿಲ್ಲ ಅಲ್ವಾ ಭಾವ, ಬಿಸಾಡುದು ಎಂತಕ್ಕೆ?" ಎನ್ನುತ್ತಾರೆ.

ಹಾಳಾಗಿಲ್ಲ, ನಿಜ. ನಿಧಾನ ಅಷ್ಟೇ. ಸ್ವಿಚ್ ಒತ್ತಿ, ಎದುರಿನ ಹೋಟೆಲಿಗೆ ಹೋಗಿ ಚಾ ಕುಡಿದು ಬಂದರೂ ಹಾರ್ಡ್ ಡಿಸ್ಕ್ ಕರಕರ ಎನ್ನುತ್ತಲೇ ಇರುತ್ತದೆ. ಬೆಂಗಳೂರಿನಲ್ಲಿರುವ ಮಗಳು ತನ್ನ ಲ್ಯಾಪ್‌ಟಾಪಿಗೆ ದೊಡ್ಡ ಎಸ್‌ಎಸ್‌ಡಿ (ಚಿಪ್ಪುಗಳಲ್ಲೇ ಫೈಲು ಇಡುವ, ತಿರುಗುವ ಭಾಗವಿಲ್ಲದ ವೇಗದ ಡಿಸ್ಕು) ಹಾಕಿಸಿಕೊಂಡು, ಬಿಚ್ಚಿದ 256 ಜಿಬಿಯದ್ದನ್ನು ಅಪ್ಪನಿಗೆ ಕಳಿಸಿದಳು. ಕೆಲವು ನೂರು ರೂಪಾಯಿಯ ಅಡಾಪ್ಟರ್ ಕಾರ್ಡಿಗೆ ಅದನ್ನು ಸಿಕ್ಕಿಸಿ ಬೋರ್ಡಿಗೆ ಹಾಕಿದೆವು. ವಿಂಡೋಸಿನಲ್ಲಿ ಡಿಸ್ಕು ಕಂಡಿತು. ಫೈಲೂ ಕಾಪಿ ಆಯಿತು. ಆದರೆ ಅದರಿಂದ ಬೂಟ್ ಮಾಡೋಣ, ವಿಂಡೋಸನ್ನು ಅದರಿಂದಲೇ ಎಬ್ಬಿಸೋಣ ಅಂದರೆ ಬಯೋಸಿನ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ.

ಇಂಥ ಎಸ್‌ಎಸ್‌ಡಿ ನಿಮ್ಮ ಮನೆಯಲ್ಲೂ ಒಂದು ಡಬ್ಬದಲ್ಲಿ ಬಿದ್ದಿರಬಹುದು. ಅದನ್ನು ಹಳೇ ಬೋರ್ಡಿನಲ್ಲಿ ಬೂಟ್ ಮಾಡಿಸಲು ಆಗುತ್ತದೆ. ಬಯೋಸ್ ತಿದ್ದುವ ಕೆಲಸ ಹತ್ತು ನಿಮಿಷದ್ದು. ತಯಾರಿಗೆ ಮಾತ್ರ ಒಂದು ಮಧ್ಯಾಹ್ನ ಬೇಕು. ಆ ತಯಾರಿ ಬಿಟ್ಟು ಕೈ ಹಾಕಿದವರ ಬೋರ್ಡೇ ಸಾಯುವುದು.

ಬೋರ್ಡಿಗೆ ಯಾಕೆ ಕಾಣುವುದಿಲ್ಲ?

ಕಂಪ್ಯೂಟರ್ ಆನ್ ಮಾಡಿದಾಗ ವಿಂಡೋಸ್ ಇನ್ನೂ ಬಂದಿರುವುದಿಲ್ಲ. ಡಿಸ್ಕನ್ನು ಓದುವ ಕೆಲಸ ಬೋರ್ಡಿನ ಮೇಲಿರುವ ಒಂದು ಚಿಕ್ಕ ಚಿಪ್ಪಿನೊಳಗಿನ ಫರ್ಮ್‌ವೇರಿನದು. ಅದನ್ನೇ ನಾವು ಬಯೋಸ್ ಎನ್ನುತ್ತೇವೆ. 2011ರ ಹೊತ್ತಿನಿಂದ ಬಂದ ಬೋರ್ಡುಗಳಲ್ಲಿ ಹೆಚ್ಚಿನವುಗಳ ಒಳಗಿರುವುದು ಅದರ ಹೊಸ ರೂಪವಾದ ಯುಇಎಫ್‌ಐ. ಅದು ಏಳುವಾಗ ತನ್ನ ಚಿಪ್ಪಿನಿಂದ ಚಿಕ್ಕ ಚಿಕ್ಕ ಡ್ರೈವರುಗಳನ್ನು ಒಂದೊಂದಾಗಿ ಎಬ್ಬಿಸುತ್ತದೆ. ಕೀಬೋರ್ಡಿಗೆ ಒಂದು, ಯುಎಸ್‌ಬಿಗೆ ಒಂದು, ಸಾಟಾ ಕೇಬಲಿನಲ್ಲಿ ಜೋಡಿಸುವ ಮಾಮೂಲಿ ಡಿಸ್ಕಿಗೆ ಒಂದು. ಈ ಹಂತದ ಹೆಸರು ಡಿಎಕ್ಸ್‌ಇ.

ಹೊಸ ಎಸ್‌ಎಸ್‌ಡಿಗಳು ಮಾತಾಡುವುದು ಎನ್‌ವಿಎಂಇ ಎಂಬ ಭಾಷೆಯಲ್ಲಿ. ಅದರ ಮೊದಲ ನಿಯಮಾವಳಿ ಬಂದದ್ದೇ 2011ರಲ್ಲಿ. ಬೋರ್ಡುಗಳು ಅದನ್ನು ಕಲಿತದ್ದು ಇಂಟೆಲಿನ 9 ಸರಣಿಯ ಚಿಪ್‌ಸೆಟ್‌ಗಳ ಕಾಲಕ್ಕೆ, ಅಂದರೆ 2014ರ ಆಚೆಗೆ. ಅದಕ್ಕಿಂತ ಹಿಂದಿನ 6, 7, 8ನೇ ಸರಣಿಯ ಬೋರ್ಡುಗಳಲ್ಲಿ (ಎಚ್61 ಆರನೇ ಸರಣಿಯದು) ಸಾಮಾನ್ಯವಾಗಿ ಈ ಡ್ರೈವರ್ ಇರುವುದಿಲ್ಲ. ತಂತಿ ಇದೆ, ಸ್ಲಾಟ್ ಇದೆ, ವೇಗವೂ ಇದೆ. ಇಲ್ಲದ್ದು ಹತ್ತಾರು ಕಿಲೊಬೈಟಿನ ಒಂದು ಫೈಲು. ಇಂಥ ಡ್ರೈವರಿನ ಮೂಲ ಕೋಡ್ ಟಿಯಾನೋಕೋರ್ ಎಂಬ ಮುಕ್ತ ಯೋಜನೆಯಲ್ಲಿ ಎಲ್ಲರಿಗೂ ಸಿಗುತ್ತದೆ. ಅದನ್ನು ಬಯೋಸ್ ಫೈಲಿನೊಳಗೆ ಸೇರಿಸಿ ಚಿಪ್ಪಿಗೆ ಬರೆದರೆ ಆಯಿತು.

ಮೊದಲು ನೋಡಬೇಕಾದ್ದು

ಎಸ್‌ಎಸ್‌ಡಿಯನ್ನು ಕೈಯಲ್ಲಿ ಹಿಡಿದು ಚಿನ್ನದ ಬಣ್ಣದ ತುದಿ ನೋಡಿ. ಒಂದೇ ಕಚ್ಚು ಇದ್ದರೆ ಅದು ಬಹುಮಟ್ಟಿಗೆ ಎನ್‌ವಿಎಂಇ. ಎರಡು ಕಚ್ಚು ಇದ್ದರೆ ಸಾಟಾ ಇರುವುದೇ ಜಾಸ್ತಿ. ಲೇಬಲ್ ಓದಿ ಖಚಿತ ಮಾಡಿಕೊಳ್ಳಿ. ಸಾಟಾ ಆದರೆ ಈ ಲೇಖನ ನಿಮಗೆ ಬೇಡ, ಬೇರೆ ಅಡಾಪ್ಟರ್ ಸಾಕು.

ಬೋರ್ಡಿನಲ್ಲಿ ಯುಇಎಫ್‌ಐ ಇದೆಯೇ? ಒಂದು ಲಿನಕ್ಸ್ ಪೆನ್‌ಡ್ರೈವ್ ಸಿಕ್ಕಿಸಿ ಬೂಟ್ ಮೆನು ತೆರೆಯಿರಿ. ಪೆನ್‌ಡ್ರೈವಿನ ಹೆಸರಿನ ಮುಂದೆ ಯುಇಎಫ್‌ಐ ಎಂದು ಬಂದರೆ ಇದೆ. ವಿಂಡೋಸಿನ ಸಿಸ್ಟಮ್ ಇನ್ಫರ್ಮೇಶನ್ 'ಲೆಗಸಿ' ಅಂದ ಕೂಡಲೇ ಬೇಸರ ಮಾಡಬೇಡಿ. ವಿಂಡೋಸನ್ನು ಹಳೇ ಕ್ರಮದಲ್ಲಿ ಹಾಕಿದ್ದರೂ ಅದು ಹಾಗೆಯೇ ತೋರಿಸುತ್ತದೆ. ನಿಜವಾಗಿಯೂ ಹಳೇ ಬಯೋಸ್ ಆದರೆ ಈ ದಾರಿ ಇಲ್ಲ.

ಅದೇ ಪೆನ್‌ಡ್ರೈವಿನಿಂದ ಲಿನಕ್ಸನ್ನು ಇನ್‌ಸ್ಟಾಲ್ ಮಾಡದೆ ಸುಮ್ನೆ ಓಡಿಸಿ, ಡಿಸ್ಕ್ ಪಟ್ಟಿ ನೋಡಿ. ಅಲ್ಲಿ ಎಸ್‌ಎಸ್‌ಡಿ ಕಂಡರೆ ಅಡಾಪ್ಟರ್, ಸ್ಲಾಟ್ ಎರಡೂ ಸರಿ ಇವೆ ಎಂದರ್ಥ. ಕಾಣದಿದ್ದರೆ ಬಯೋಸ್ ತಿದ್ದಿಯೂ ಉಪಯೋಗವಿಲ್ಲ. ವಿಂಡೋಸಿನಲ್ಲಿ ಕಂಡಿದ್ದ ನಮ್ಮ ಡಿಸ್ಕು ಇಲ್ಲಿ ಮೊದಲ ಸಲ ಕಾಣಲಿಲ್ಲ. ಮಳೆಗಾಲದ ಥಂಡಿಗೆ ಸ್ಲಾಟಿಗೆ ತಾಗುವ ಕಾರ್ಡಿನ ತುದಿ ಮಂಕಾಗಿತ್ತು. ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿದ ಮೇಲೆ ಸರಿಯಾಯಿತು.

ಇನ್ನು ಲಾಭದ ಲೆಕ್ಕ. ಎಚ್61ರಲ್ಲಿರುವ ಸಾಟಾ ಸೆಕೆಂಡಿಗೆ 3 ಗಿಗಾಬಿಟ್‌ನದು, ಕೈಗೆ ಸಿಗುವುದು 280 ಎಂಬಿಯ ಆಸುಪಾಸು. ಕಾರ್ಡ್ ಹಾಕುವ ಸ್ಲಾಟಿನ ಸಂಪರ್ಕವಾದ ಪಿಸಿಐ ಎಕ್ಸ್‌ಪ್ರೆಸ್ 2.0ರಲ್ಲಿ ಒಂದು ಲೇನಿಗೆ (ಡೇಟಾ ಓಡುವ ಒಂದು ದಾರಿಗೆ) 500 ಎಂಬಿ, ನಾಲ್ಕು ಲೇನಿಗೆ 2000. ಹಾಗಾಗಿ ಅಡಾಪ್ಟರನ್ನು ಗ್ರಾಫಿಕ್ಸ್ ಕಾರ್ಡಿನ ಉದ್ದ ಸ್ಲಾಟಿಗೇ ಹಾಕಿ. ಡಿಟಿಪಿ ಅಂಗಡಿಯಲ್ಲಿ ಆ ಸ್ಲಾಟ್ ಹೆಚ್ಚಾಗಿ ಖಾಲಿಯೇ ಇರುತ್ತದೆ. ನಿಮ್ಮ ಬೋರ್ಡಿನಲ್ಲಿ 6 ಗಿಗಾಬಿಟ್ ಸಾಟಾ ಇದ್ದು, ಎಸ್‌ಎಸ್‌ಡಿಯನ್ನು ದುಡ್ಡು ಕೊಟ್ಟೇ ತರಬೇಕಾದರೆ ಮಾತ್ರ ನನ್ನ ಸಲಹೆ ಬೇರೆ. ಸಾಟಾ ಎಸ್‌ಎಸ್‌ಡಿ ತನ್ನಿ, ಆರಾಮವಾಗಿರಿ. ಮದುವೆ ಕಾಗದ ಟೈಪ್ ಮಾಡುವವರಿಗೆ ಎರಡರ ವ್ಯತ್ಯಾಸ ಗೊತ್ತಾಗುವುದು ಕಷ್ಟ.

ಬ್ಯಾಕಪ್, ನನ್ನ ಪೆಟ್ಟಿನ ಕಥೆ

ಬಯೋಸ್ ಫೈಲು ಎರಡು ಕಡೆಯಿಂದ ಸಿಗುತ್ತದೆ. ಬೋರ್ಡಿನ ಕಂಪನಿಯ ತಾಣದಿಂದ ಇಳಿಸಿಕೊಳ್ಳಬಹುದು, ಇಲ್ಲವೇ ನಿಮ್ಮದೇ ಚಿಪ್ಪನ್ನು ಓದಿಕೊಳ್ಳಬಹುದು. ಎರಡೂ ಒಂದೇ ಅಂದುಕೊಂಡಿದ್ದೆ. ಕೆಲವು ವರ್ಷದ ಹಿಂದೆ ಪರಿಚಯದವರ ಬೋರ್ಡೊಂದಕ್ಕೆ ಇಳಿಸಿಕೊಂಡ ಫೈಲನ್ನೇ ಪ್ರೋಗ್ರಾಮರ್ ಎಂಬ, ಚಿಪ್ಪನ್ನು ಓದಿ ಬರೆಯುವ ಉಪಕರಣದಿಂದ ಬರೆದುಬಿಟ್ಟೆ. ಬೋರ್ಡು ಚೆನ್ನಾಗಿ ಎದ್ದಿತು. ಇಂಟರ್ನೆಟ್ ಮಾತ್ರ ಹೋಯಿತು. ಎರಡು ದಿನ ಕೇಬಲ್ ಎಳೆದು ನೋಡಿದ ಮೇಲೆ ಹೊಳೆಯಿತು. ನೆಟ್‌ವರ್ಕಿನಲ್ಲಿ ಬೋರ್ಡಿನ ಗುರುತಾದ ಮ್ಯಾಕ್ ಸಂಖ್ಯೆ ಆ ಚಿಪ್ಪಿನೊಳಗೆ ಇತ್ತು. ನಾನು ಅದನ್ನು ಅಳಿಸಿದ್ದೆ. ಅವರ ಇಂಟರ್ನೆಟ್ ಲೈನು ಆ ಸಂಖ್ಯೆಗೇ ಕಟ್ಟಿದ್ದು. ಹಳೇ ಪ್ರತಿ ನನ್ನಲ್ಲಿ ಇರಲಿಲ್ಲ.

ಮ್ಯಾಕ್ ಸಂಖ್ಯೆ ಒಂದೇ ಅಲ್ಲ, ಬೋರ್ಡಿನ ಸೀರಿಯಲ್ ನಂಬರ್, ಕಂಪನಿ ಕಂಪ್ಯೂಟರಾದರೆ ವಿಂಡೋಸಿನ ಕೀ ಕೂಡ ಅಲ್ಲಿರಬಹುದು. ಆದ್ದರಿಂದ ಪ್ರೋಗ್ರಾಮರಿನಿಂದ ಬರೆಯುವುದಾದರೆ ನಿಮ್ಮ ಚಿಪ್ಪಿನಿಂದ ಓದಿದ ಫೈಲನ್ನೇ ತಿದ್ದಿ. ಬೇರೆಯವರು ತಿದ್ದಿ ಕೊಟ್ಟ ಫೈಲು ಬೇಡವೇ ಬೇಡ.

ಓದಲು ಬೇಕಾದ ಪ್ರೋಗ್ರಾಮರಿನ ಹೆಸರು ಸಿಎಚ್341ಎ. ಆನ್‌ಲೈನಿನಲ್ಲಿ ಸಿಗುತ್ತದೆ. ಅದಕ್ಕಿಂತ ಮೊದಲು ನಿಮ್ಮೂರಿನ ಟಿವಿ ರಿಪೇರಿಯವರನ್ನು ಕೇಳಿ. ಎಲ್ಇಡಿ ಟಿವಿಗಳ ಸಾಫ್ಟ್‌ವೇರ್ ಬರೆಯಲು ಅವರು ಇದನ್ನೇ ಬಳಸುತ್ತಾರೆ. ನನಗೆ ಸಿಕ್ಕಿದ್ದು ಕುಂಬಳೆಯ ಒಬ್ಬರಿಂದ, ಒಂದು ದಿನದ ಮಟ್ಟಿಗೆ ಎರವಲು.

ಎಚ್61 ಕಾಲದ ಹಲವು ಬೋರ್ಡುಗಳಲ್ಲಿ ಬಯೋಸ್ ಚಿಪ್ಪು ಎಂಟು ಕಾಲಿನದು, ಸಾಕೆಟ್ಟಿನಲ್ಲಿ ಕೂತಿರುತ್ತದೆ. ಪವರ್ ಕೇಬಲ್ ಕಿತ್ತು, ಬೋರ್ಡಿನ ಸೆಲ್ಲನ್ನೂ ತೆಗೆದು, ಚಿಪ್ಪಿನ ಎರಡೂ ಬದಿಯಿಂದ ಸ್ವಲ್ಪ ಸ್ವಲ್ಪವೇ ಮೀಟಿ ಎಬ್ಬಿಸಿ. ಒಂದೇ ಕಡೆಯಿಂದ ಎತ್ತಿದರೆ ಕಾಲು ಬಾಗುತ್ತದೆ. ತೆಗೆಯುವ ಮೊದಲೇ ಮೊಬೈಲಿನಲ್ಲಿ ಫೋಟೋ ಹಿಡಿದಿಡಿ. ಚಿಪ್ಪಿನ ಮೇಲಿನ ಚುಕ್ಕಿ ಯಾವ ಕಡೆಗಿತ್ತು ಎಂಬುದು ಆಮೇಲೆ ನೆನಪಿರುವುದಿಲ್ಲ. ಬೋರ್ಡಿಗೇ ಬೆಸುಗೆ ಹಾಕಿದ್ದರೆ ಕಚ್ಚಿ ಹಿಡಿಯುವ ಕ್ಲಿಪ್ ಬೇಕು. ಅದರ ಕೆಂಪು ತಂತಿ ಚುಕ್ಕಿಯ ಕಡೆಗೆ. ಚಿಪ್ಪಿನ ಮೇಲಿನ ನಂಬರ್ ಓದಿ, 3.3 ವೋಲ್ಟಿನದೇ ಎಂದು ನೋಡಿ. 1.8 ವೋಲ್ಟಿನದಾದರೆ ಬೇರೆ ಅಡಾಪ್ಟರ್ ಬೇಕು.

ಚಿಪ್ಪನ್ನು ಎರಡು ಸಲ ಓದಿ, ಎರಡು ಫೈಲು ಮಾಡಿ, ಹೋಲಿಸಿ. ಒಂದೇ ಒಂದು ಬೈಟ್ ಬೇರೆಯಾದರೂ ಕಾಲು ಸರಿಯಾಗಿ ತಾಗಿಲ್ಲ ಎಂದರ್ಥ, ಮತ್ತೆ ಕೂರಿಸಿ ಓದಿ. ಗಾತ್ರ ಸರಿಯಾಗಿ 4 ಎಂಬಿ ಅಥವಾ 8 ಎಂಬಿ ಬರಬೇಕು. ಚಿಪ್ಪಿನ ಮೇಲೆ 32 ಅಥವಾ 64 ಎಂದಿರುವುದು ಮೆಗಾಬಿಟ್ ಲೆಕ್ಕ. ಸರಿಯಾದ ಪ್ರತಿಯನ್ನು ಪೆನ್‌ಡ್ರೈವಿಗೂ ಹಾಕಿ, ನಿಮ್ಮ ಮೇಲ್‌ಗೂ ಕಳಿಸಿಕೊಳ್ಳಿ.

ಡ್ರೈವರ್ ಸೇರಿಸುವುದು

ಯುಇಎಫ್‌ಐಟೂಲ್ ಎಂಬ ಉಚಿತ ತಂತ್ರಾಂಶ ಬೇಕು. ಹೊಸ ಆವೃತ್ತಿಗಳು ಫೈಲನ್ನು ತೋರಿಸುತ್ತವೆ, ತಿದ್ದಲು ಬಿಡುವುದಿಲ್ಲ. 0.28 ಆವೃತ್ತಿ ತನ್ನಿ. ಜೊತೆಗೆ ಎನ್‌ವಿಎಂ ಎಕ್ಸ್‌ಪ್ರೆಸ್ ಡಿಎಕ್ಸ್‌ಇ ಎಂಬ ಹೆಸರಿನ, ಎಫ್‌ಎಫ್‌ಎಸ್ ಎಂದು ಕೊನೆಯಾಗುವ ಡ್ರೈವರ್ ಫೈಲು.

ಬಯೋಸಿನ ಪ್ರತಿಯೊಂದನ್ನು ತೆರೆದು, ಹುಡುಕುವ ಕಿಟಕಿಯಲ್ಲಿ ಟೆಕ್ಸ್ಟ್ ಎಂಬುದನ್ನು ಆರಿಸಿ 'ಡಿಎಕ್ಸ್‌ಇಕೋರ್' ಎಂದು ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಹುಡುಕಿ. ಸಿಕ್ಕಿದ ಸಾಲಿನ ಮೇಲೆ ಎರಡು ಸಲ ಒತ್ತಿದರೆ ಡ್ರೈವರುಗಳ ಉದ್ದದ ಪಟ್ಟಿ ತೆರೆದುಕೊಳ್ಳುತ್ತದೆ. ಅದೇ ಪಟ್ಟಿಯಲ್ಲಿ ಕೆಳಗೆ ಇಳಿಯುತ್ತಾ ಹೋಗಿ. 'ಡಿಎಕ್ಸ್‌ಇ ಡ್ರೈವರ್' ಎಂಬ ಬಗೆಯ ಕೊನೆಯ ಸಾಲಿಗೆ ಬಂದಾಗ ನಿಲ್ಲಿ. ಅದರ ಮೇಲೆ ಬಲ ಬಟನ್ ಒತ್ತಿ, 'ಇನ್ಸರ್ಟ್ ಆಫ್ಟರ್' ಆರಿಸಿ, ಡ್ರೈವರ್ ಫೈಲನ್ನು ಕೊಡಿ. ಹೊಸ ಸಾಲು ಕೆಳಗೆ ಬಂದು ಕೂರುತ್ತದೆ. ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಜಾಗ ಸಾಲುವುದಿಲ್ಲ ಎಂದು ಸೇವ್ ಮಾಡುವಾಗ ಹೇಳಿದರೆ ಅದೇ ಡ್ರೈವರಿನ 'ಸ್ಮಾಲ್' ಎಂಬ ಚಿಕ್ಕ ರೂಪ ಸಿಗುತ್ತದೆ, ಅದನ್ನು ಹಾಕಿ ನೋಡಿ. ಜಾಗಕ್ಕಾಗಿ ಇದ್ದ ಸಾಲುಗಳನ್ನು ಅಳಿಸಲು ಹೋಗಬೇಡಿ.

ಈಗ ಹಳೇ ಫೈಲು, ಹೊಸ ಫೈಲು ಎರಡನ್ನೂ ಎರಡು ಕಿಟಕಿಯಲ್ಲಿ ತೆರೆದು ಅಕ್ಕಪಕ್ಕ ಇಡಿ. 'ಪ್ಯಾಡ್ ಫೈಲ್' ಎಂಬ ಸಾಲುಗಳನ್ನು ಎಣಿಸಿ. ಅವು ಜಾಗ ತುಂಬಿಸಲು ಇರುವ ಖಾಲಿ ಸಾಲುಗಳು. ತಂತ್ರಾಂಶ ಕೆಲವೊಮ್ಮೆ ಹೇಳದೆ ಕೇಳದೆ ಒಂದನ್ನು ಕಿತ್ತುಹಾಕುತ್ತದೆ, ಇಲ್ಲವೇ ಸೇರಿಸುತ್ತದೆ. ಹಾಗಾದರೆ ಉಳಿದದ್ದೆಲ್ಲ ಜಾಗ ತಪ್ಪಿ ಬೋರ್ಡು ಏಳದೇ ಹೋಗಬಹುದು. ಎಣಿಕೆ ತಪ್ಪಿದ ಫೈಲನ್ನು ಬರೆಯಬೇಡಿ. ಒಟ್ಟು ಗಾತ್ರವೂ ಮೊದಲಿನಷ್ಟೇ ಇರಬೇಕು.

ಬರೆಯುವುದು

ಬೋರ್ಡಿನೊಳಗೇ ಇರುವ ಅಪ್‌ಡೇಟ್ ಸೌಲಭ್ಯ ಕೆಲವು ಬೋರ್ಡುಗಳಲ್ಲಿ ತಿದ್ದಿದ ಫೈಲನ್ನು ಒಪ್ಪುವುದಿಲ್ಲ. ಒಪ್ಪಿದರೂ ಯುಪಿಎಸ್ ಇಲ್ಲದೆ ಆ ಕೆಲಸ ಬೇಡ. ಜುಲೈ ತಿಂಗಳಲ್ಲಿ ನಮ್ಮ ಕಡೆ ಒಂದು ತೆಂಗಿನ ಮಡಲು ಲೈನಿನ ಮೇಲೆ ಬಿದ್ದರೆ ಸಾಕು, ಕರೆಂಟು ಹೋದದ್ದೇ. ಅರ್ಧ ಬರೆದ ಬಯೋಸಿನಿಂದ ಬೋರ್ಡು ಏಳುವುದಿಲ್ಲ. ಪ್ರೋಗ್ರಾಮರ್ ಕೈಯಲ್ಲಿದ್ದರೆ ಅದರಿಂದಲೇ, ಚಾರ್ಜ್ ಇರುವ ಲ್ಯಾಪ್‌ಟಾಪಿನಿಂದ ಬರೆಯಿರಿ. ಚಿಪ್ಪನ್ನು ಅಳಿಸಿ, ಖಾಲಿಯಾಯಿತೇ ನೋಡಿ, ಬರೆಯಿರಿ, ಬರೆದದ್ದನ್ನು ಫೈಲಿನೊಂದಿಗೆ ಹೋಲಿಸಿ. ಹೋಲಿಕೆ ಸರಿಯಾದ ಮೇಲೆ ಚಿಪ್ಪು ಬೋರ್ಡಿಗೆ.

ಆನ್ ಮಾಡಿದ ಕೂಡಲೇ ಬಯೋಸಿಗೆ ಹೋಗಿ ಡಿಫಾಲ್ಟ್ ಸೆಟ್ಟಿಂಗ್ ಹಾಕಿ, ಸೆಕ್ಯೂರ್ ಬೂಟ್ ಇದ್ದರೆ ಆಫ್ ಮಾಡಿ. ಹಳೇ ಬಯೋಸಿನ ಕ್ರಮದಲ್ಲೂ ಬೂಟ್ ಆಗಲು ಬಿಡುವ ಸಿಎಸ್‌ಎಂ ಎಂಬುದನ್ನು ಆಫ್ ಮಾಡುವುದು ಒಳ್ಳೆಯದು. ಆದರೆ ತೀರಾ ಹಳೇ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸ್ಕ್ರೀನೇ ಕಪ್ಪಾಗಬಹುದು, ಆಗ ಅದನ್ನು ಹಾಗೆಯೇ ಬಿಡಿ. ಸಾಟಾ ಪಟ್ಟಿಯಲ್ಲಿ ಎಸ್‌ಎಸ್‌ಡಿ ಹುಡುಕಬೇಡಿ, ಅಲ್ಲಿ ಬರುವುದಿಲ್ಲ. ಬೂಟ್ ಪಟ್ಟಿಯಲ್ಲಿ 'ಪಾಟಾ' ಎಂಬ ಹಳೇ ಕಾಲದ ಹೆಸರಿನಲ್ಲಿ ಕಾಣಿಸಬಹುದು. ನಗು ಬಂತು, ಆದರೆ ಅದೇ ನಮ್ಮದು. ವಿಂಡೋಸ್ ಹಾಕಿದ ಮೇಲೆ ಅಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಎಂದು ಬರುತ್ತದೆ.

ಹೊಸದಾಗಿ ವಿಂಡೋಸ್ ಹಾಕುವುದಾದರೆ ಪೆನ್‌ಡ್ರೈವನ್ನು ರೂಫಸ್ ಎಂಬ ತಂತ್ರಾಂಶದಲ್ಲಿ ಜಿಪಿಟಿ (ಡಿಸ್ಕನ್ನು ಭಾಗ ಮಾಡುವ ಹೊಸ ಕ್ರಮ), ಯುಇಎಫ್‌ಐ ಎಂದು ಆರಿಸಿ ತಯಾರಿಸಿ. ಉಳಿದ ಡಿಸ್ಕುಗಳ ಕೇಬಲ್ ಕಿತ್ತಿಡಿ, ಇಲ್ಲದಿದ್ದರೆ ಬೂಟ್ ಫೈಲುಗಳು ಹಳೇ ಡಿಸ್ಕಿಗೆ ಹೋಗಿ ಕೂರುತ್ತವೆ.

ಭಾವನಿಗೆ ಇದ್ದದ್ದು ಇದ್ದ ಹಾಗೆಯೇ ಬೇಕಿತ್ತು. ಹಾಗಾಗಿ ಹಳೇ ಡಿಸ್ಕಿನ ಫೈಲುಗಳನ್ನು ಬೇರೆ ಕಡೆಗೆ ಕಾಪಿ ಮಾಡಿಟ್ಟು, ವಿಂಡೋಸ್ 10ರಲ್ಲಿರುವ ಎಂಬಿಆರ್2ಜಿಪಿಟಿ ಎಂಬ ಸೌಲಭ್ಯದಿಂದ ಆ ಡಿಸ್ಕನ್ನು ಜಿಪಿಟಿಗೆ ಬದಲಿಸಿದೆವು. ಅದು ಯುಇಎಫ್‌ಐ ಕ್ರಮದಲ್ಲಿ ಎದ್ದ ಮೇಲೆ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದೆವು, ಅಂದರೆ ಇಡೀ ಡಿಸ್ಕನ್ನು ಇದ್ದ ಹಾಗೆಯೇ ನಕಲಿಸಿದೆವು. ಮೊದಲ ಬೂಟಿಗೆ ನೀಲಿ ಸ್ಕ್ರೀನ್ ಬಂತು. ಒಮ್ಮೆ ಸೇಫ್ ಮೋಡಿಗೆ ಹೋಗಿ ಬಂದದ್ದೇ ಸರಿಯಾಯಿತು. ಬೂಟ್ ಹೊತ್ತಿನಲ್ಲೇ ಎನ್‌ವಿಎಂಇ ಡ್ರೈವರನ್ನು ಎಬ್ಬಿಸಲು ವಿಂಡೋಸಿಗೂ ಒಮ್ಮೆ ಹೇಳಬೇಕಾಗುತ್ತದೆ.

ಬಯೋಸ್ ಮುಟ್ಟಲು ಹೆದರುವವರಿಗೆ

ಎರಡು ದಾರಿ ಇವೆ. ಕ್ಲೋವರ್ ಎಂಬ ಬೂಟ್‌ಲೋಡರನ್ನು ಪೆನ್‌ಡ್ರೈವಿಗೆ ಹಾಕಿ, ಅದರ ಡ್ರೈವರ್ ಫೋಲ್ಡರಿನಲ್ಲಿ ಎನ್‌ವಿಎಂಇ ಡ್ರೈವರ್ ಇಟ್ಟರೆ, ಮೊದಲು ಪೆನ್‌ಡ್ರೈವ್ ಎದ್ದು ಆಮೇಲೆ ಎಸ್‌ಎಸ್‌ಡಿಯನ್ನು ಎಬ್ಬಿಸುತ್ತದೆ. ಪೆನ್‌ಡ್ರೈವ್ ಯಾವಾಗಲೂ ಸಿಕ್ಕಿಸಿಯೇ ಇರಬೇಕು. ಅಂಗಡಿಯಲ್ಲಿ ಗಿರಾಕಿಗಳ ಫೈಲಿಗೆಂದು ದಿನಕ್ಕೆ ಹತ್ತು ಪೆನ್‌ಡ್ರೈವ್ ಎಳೆಯುವವರಿಗೆ ಇದು ಹೇಳಿದ್ದಲ್ಲ.

ಲಿನಕ್ಸ್ ಬಳಸುವವರಿಗೆ ಇನ್ನೂ ಸುಲಭ. ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಕೈಟ್ ಸಂಸ್ಥೆಯ ಲಿನಕ್ಸಿನಲ್ಲೇ ಆದ್ದರಿಂದ ನಮ್ಮಲ್ಲಿ ಹಲವು ಮನೆಗಳಲ್ಲಿ ಅದು ಇದೆ. ಇನ್‌ಸ್ಟಾಲ್ ಮಾಡುವಾಗ ಬೂಟ್ ಭಾಗವನ್ನು ಹಳೇ ಸಾಟಾ ಡಿಸ್ಕಿನಲ್ಲಿ, ಉಳಿದದ್ದನ್ನು ಎಸ್‌ಎಸ್‌ಡಿಯಲ್ಲಿ ಇಟ್ಟರೆ ಮುಗಿಯಿತು. ಲಿನಕ್ಸಿನ ತಿರುಳಾದ ಕರ್ನೆಲ್ ಒಮ್ಮೆ ಎದ್ದರೆ ಎನ್‌ವಿಎಂಇ ಅದಕ್ಕೆ ಗೊತ್ತೇ ಇದೆ. ಬಯೋಸಿನ ಸುದ್ದಿಗೇ ಹೋಗಬೇಕಾಗಿಲ್ಲ.

ಭಾವನ ಕ್ಯಾಬಿನೆಟ್ಟಿನ ಬಾಗಿಲಿನ ಒಳಬದಿಗೆ ಒಂದು ಚೀಟಿ ಅಂಟಿಸಿ ಬಂದಿದ್ದೇನೆ: 'ಬಯೋಸ್ ಅಪ್‌ಡೇಟ್ ಮಾಡಬೇಡಿ.' ಯಾರಾದರೂ ಕಂಪನಿಯ ಫೈಲನ್ನು ಮತ್ತೆ ಬರೆದರೆ ನಾವು ಸೇರಿಸಿದ ಡ್ರೈವರ್ ಅಳಿದುಹೋಗುತ್ತದೆ, ಎಸ್‌ಎಸ್‌ಡಿ ಸತ್ತಿತು ಎಂದು ನನಗೆ ಫೋನ್ ಬರುತ್ತದೆ. ಚೀಟಿಯ ಹಿಂದೆ ಹಳೇ ಬಯೋಸಿನ ಪ್ರತಿ ಇರುವ ಪೆನ್‌ಡ್ರೈವನ್ನೂ ಟೇಪ್ ಹಾಕಿ ಅಂಟಿಸಿದ್ದೇನೆ.