ಮಳೆಗಾಲದಲ್ಲಿ ಅಳವಡಿಸಬೇಕು, ಸುಗ್ಗಿಯಲ್ಲಿ ಮುಟ್ಟಬಾರದು

ಕಳೆದ ಜೂನ್‌ನಲ್ಲಿ ಅರವತ್ತೊಂದನೆಯ ಅಡಿಕೆ ಮಂಡಿಗೆ ನನ್ನ ತಂತ್ರಾಂಶ ಹಾಕಿ ಬಂದೆ. ಅಡಿಕೆ ಬಿಟ್ಟ ರೈತನಿಗೆ ಮಂಡಿಯವರು ಕೊಡುವ ಲೆಕ್ಕದ ಚೀಟಿ, ಅಂದರೆ ಪಟ್ಟಿ, ಮುದ್ರಿಸುವ ತಂತ್ರಾಂಶ ಅದು. ಅರವತ್ತೊಂದೋ ಅರವತ್ತೆರಡೋ, ನಡುವೆ ಒಬ್ಬರು ಬಿಟ್ಟು ಮತ್ತೆ ಬಂದಿದ್ದಾರೆ. 2016ರಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಸಾಗರಕ್ಕೆ ಬಂದಾಗ, ‘ಆರೇ ತಿಂಗಳು, ಆಮೇಲೆ ತಾಳಗುಪ್ಪದ ರೈಲು ಹತ್ತಿ ವಾಪಸ್ ಬರುತ್ತಾನೆ’ ಎಂದು ಪಣ ಕಟ್ಟಿದ್ದ ಇಬ್ಬರು ಗೆಳೆಯರು ಈಗ ಕರೆ ಮಾಡಿ ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾರೆ. ಒಬ್ಬನನ್ನು ಕಂಪನಿ ಮನೆಗೆ ಕಳಿಸಿದೆ. ಇನ್ನೊಬ್ಬನಿಗೆ ತನ್ನ ಸರದಿ ಯಾವಾಗಲೋ ಎಂಬ ಭಯ. ಇದನ್ನು ಅವರಿಗೆಂದೇ ಬರೆಯುತ್ತಿದ್ದೇನೆ. ಕೋಡ್ ಬರೆಯುವುದು ಹೇಗೆಂದು ಅವರಿಗೆ ಹೇಳಬೇಕಾಗಿಲ್ಲ.

ಬಿಟ್ಟಾಗ ಕೈಗೆ ಬರುತ್ತಿದ್ದ ಸಂಬಳ ತಿಂಗಳಿಗೆ 1 ಲಕ್ಷದ ಹತ್ತಿರ. ಉಳಿತಾಯ ಸುಮಾರು 9 ಲಕ್ಷ. ತೊಂಬತ್ತು ದಿನಗಳ ನೋಟಿಸ್ ಅವಧಿಯನ್ನು ಪೂರ್ತಿ ದುಡಿಸಿಕೊಂಡೇ ಬಿಟ್ಟರು. ಹನ್ನೊಂದು ವರ್ಷ ಕೆಲಸ ಮಾಡಿದೆ, ನಾನು ಬರೆದದ್ದನ್ನು ಬಳಸುವ ಒಬ್ಬನೇ ಒಬ್ಬ ಮನುಷ್ಯನನ್ನು ಕಣ್ಣಾರೆ ಕಾಣಲಿಲ್ಲ. ನಮ್ಮ ಕಂಪನಿ ಮಾರುತ್ತಿದ್ದುದು ತಂತ್ರಾಂಶವನ್ನಲ್ಲ, ನಮ್ಮ ತಾಸುಗಳನ್ನು. ತಾಸು ಹೆಚ್ಚಾದಷ್ಟೂ ಅವರಿಗೆ ಲಾಭ. ಹೀಗಿರುವಾಗ ಬೇಗ ಮುಗಿಸುವವನಿಗೆ ಅಲ್ಲಿ ಏನು ಬೆಲೆ?

ಮೊದಲು ಬರೆದದ್ದು ಎಲ್ಲ ಬಗೆಯ ಅಂಗಡಿಗೂ ಒಗ್ಗುವಂಥ ಬಿಲ್ಲಿಂಗ್ ತಂತ್ರಾಂಶ. ಹನ್ನೊಂದು ತಿಂಗಳು ಹಿಡಿಯಿತು. ಮಾರಾಟವಾದದ್ದು ಮೂರು ಪ್ರತಿ, ಅದರಲ್ಲಿ ಒಂದು ನನ್ನ ಭಾವನ ಅಂಗಡಿಗೆ. ನವೆಂಬರ್ 8ರ ನೋಟು ರದ್ದತಿಯಾದ ಮೇಲೆ ಅಂಗಡಿಯವರ ಬಳಿ ಹೊಸ ಖರ್ಚಿನ ಮಾತು ಎತ್ತುವಂತಿರಲಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂತು, ಈಗಲಾದರೂ ಕೊಳ್ಳುತ್ತಾರೆ ಎಂದುಕೊಂಡೆ. ಕೊಂಡರು, ನನ್ನದನ್ನಲ್ಲ. ಅವರವರ ಆಡಿಟರ್ ಯಾವುದನ್ನು ಬಳಸುತ್ತಾರೋ ಅದನ್ನು. ಸಣ್ಣ ಊರಿನಲ್ಲಿ ಲೆಕ್ಕದ ತಂತ್ರಾಂಶವನ್ನು ಆರಿಸುವವನು ಅಂಗಡಿಯ ಮಾಲೀಕನಲ್ಲ, ಆಡಿಟರ್ ಎಂಬುದನ್ನು ತಿಳಿಯಲು ನನಗೆ 3 ಲಕ್ಷ ರೂಪಾಯಿ ಖರ್ಚಾಯಿತು. ಈಗ ನಾನು ಲೆಕ್ಕಪತ್ರಕ್ಕೆ ಕೈ ಹಾಕುವುದೇ ಇಲ್ಲ. ಆಡಿಟರುಗಳ ಲೆಕ್ಕದ ತಂತ್ರಾಂಶ ಟ್ಯಾಲಿಗೆ ಒಪ್ಪುವ ಎಕ್ಸ್‌ಎಂಎಲ್ ಕಡತ ಕೊಡುತ್ತೇನೆ, ಆಡಿಟರ್ ಖುಷಿಯಾಗಿರುತ್ತಾರೆ. ಈಗ ನನಗೆ ಗಿರಾಕಿಗಳನ್ನು ಕಳಿಸುವವರಲ್ಲಿ ಮೂವರು ಆಡಿಟರುಗಳೇ.

2018ರ ಫೆಬ್ರವರಿಯಲ್ಲಿ ಅಪ್ಪನ ಜೊತೆ ಅಡಿಕೆ ಬಿಡಲು ಮಂಡಿಗೆ ಹೋಗಿದ್ದೆ. ರಾತ್ರಿ ಒಂಬತ್ತಾದರೂ ಗುಮಾಸ್ತರು ಕಾರ್ಬನ್ ಹಾಳೆ ಇಟ್ಟು ಪಟ್ಟಿ ಬರೆಯುತ್ತಿದ್ದರು. ಚೀಲಗಳ ತೂಕ ಕೂಡಿಸಿ, ಖಾಲಿ ಚೀಲದ ತೂಕ ಕಳೆದು, ಅಡಿಕೆಯ ಬಗೆ ನೋಡಿ ರಾಶಿಗೆ ಒಂದು ದರ, ಬೆಟ್ಟೆಗೆ ಒಂದು, ಗೊರಬಲಿಗೆ ಇನ್ನೊಂದು, ಅದರಲ್ಲಿ ಹಮಾಲಿ ಕೂಲಿ, ಹಿಂದಿನ ಮುಂಗಡ, ಮುಂಗಡದ ಮೇಲಿನ ಬಡ್ಡಿ. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಅಲ್ಲಿದ್ದ ಕಂಪ್ಯೂಟರಿನ ಮೇಲೆ ಊದುಬತ್ತಿ ಸ್ಟ್ಯಾಂಡ್ ಇತ್ತು. ‘ಅದು ಆಡಿಟರಿಗೆ, ಪಟ್ಟಿ ಅದರಲ್ಲಿ ಬರುವುದಿಲ್ಲ ಮಾಣಿ’ ಎಂದರು ಗುಮಾಸ್ತರು. ನನ್ನ ಉದ್ಯೋಗ ಶುರುವಾದದ್ದು ಆ ಮಾತಿನಿಂದ.

ಬರೆದದ್ದು ಲಾಜರಸ್‌ನಲ್ಲಿ, ಅಂದರೆ ಫ್ರೀ ಪಾಸ್ಕಲ್ ಎಂಬ ಹಳೆಯ ಜಾಡಿನ ಕೋಡ್ ಭಾಷೆಯಲ್ಲಿ. ನಗುವವರು ನಗಲಿ. ಓಡಿಸಲು ಒಂದೇ ಎಕ್ಸ್ಇ ಕಡತ, ಮಾಹಿತಿ ಇಡಲು ಪಕ್ಕದಲ್ಲಿ ಒಂದು ಎಸ್‌ಕ್ಯೂಲೈಟ್ ಕಡತ, 2 ಜಿಬಿ ಮೆಮೊರಿಯ ವಿಂಡೋಸ್ 7 ಯಂತ್ರದಲ್ಲೂ ಓಡುತ್ತದೆ. ಗೆಳೆಯರ ಮಾತು ಕೇಳಿ ನಡುವೆ ಒಮ್ಮೆ ಎಲ್ಲವನ್ನೂ ವೆಬ್‌ಗೆ ಒಯ್ದೆ. ಐದು ತಿಂಗಳ ಕೆಲಸ. ಆ ಜುಲೈನಲ್ಲಿ ಮರ ಬಿದ್ದು ಹೊಸನಗರದ ಕಡೆ ಒಂಬತ್ತು ದಿನ ಇಂಟರ್‌ನೆಟ್ ಇರಲಿಲ್ಲ. ಹತ್ತನೆಯ ದಿನ ವೆಬ್ ಆವೃತ್ತಿಯನ್ನು ಮುಚ್ಚಿದೆ. ಮಲೆನಾಡಿಗೆ ಕ್ಲೌಡ್ ಎಂದರೆ ಮೋಡ, ಅದು ನಮ್ಮಲ್ಲಿ ಬೇಕಾದಷ್ಟಿದೆ.

ಹೆಚ್ಚು ದಿನ ತಿಂದದ್ದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಸೂಜಿಯಿಂದ ಚುಕ್ಕಿ ಚುಕ್ಕಿ ಗುದ್ದಿ ಅಚ್ಚೊತ್ತುವ ಯಂತ್ರ. ಪಟ್ಟಿಗೆ ಎರಡು ಪ್ರತಿ ಒಟ್ಟಿಗೆ ಬೇಕು, ರಿಬ್ಬನ್ ಅಗ್ಗ, ದೂಳಿಗೆ ಜಗ್ಗುವುದಿಲ್ಲ, ಹೀಗಾಗಿ ಅದನ್ನು ಬಿಡುವಂತಿಲ್ಲ. ವಿಂಡೋಸ್ ಡ್ರೈವರ್ ಮೂಲಕ ಕನ್ನಡ ಮುದ್ರಿಸಿದರೆ ಒಂದು ಪಟ್ಟಿಗೆ ಒಂದೂವರೆ ನಿಮಿಷ, ಅದೂ ಒತ್ತಕ್ಷರವೆಲ್ಲ ಮಸಿಯ ಮುದ್ದೆ. ಕೊನೆಗೆ ಡ್ರೈವರನ್ನೇ ಬಿಟ್ಟು ಪ್ರಿಂಟರಿನದೇ ಭಾಷೆಯ ಇಎಸ್‌ಸಿ/ಪಿ ಆಜ್ಞೆಗಳನ್ನು ನೇರ ಕಳಿಸಿದೆ. ಒಂಬತ್ತು ಸೂಜಿಯ ತಲೆಯಲ್ಲಿ ಒಂದು ಓಟಕ್ಕೆ ಎಂಟು ಚುಕ್ಕಿಯ ಎತ್ತರ. ಅಷ್ಟರಲ್ಲಿ ‘ಸ್ವಾ’ ಬರೆದು ನೋಡಿ! ಒಂದು ಸಾಲಿಗೆ ಮೂರು ಓಟ, ಪ್ರತಿ ಓಟದ ನಂತರ ಹಾಳೆ 24/216 ಇಂಚು ಮೇಲೆ. ಅಂಕಿಗಳು ಮಾತ್ರ ಪ್ರಿಂಟರಿನ ಸ್ವಂತ ಅಕ್ಷರದಲ್ಲಿ, ಏಕೆಂದರೆ ಪಟ್ಟಿಯ ಮುಕ್ಕಾಲು ಪಾಲು ಅಂಕಿಯೇ. ಹೆಸರುಗಳ ಅಕ್ಷರಗಳನ್ನು ನಾನೇ ಚುಕ್ಕಿ ಚುಕ್ಕಿ ಕೂಡಿಸಿ ಬರೆದೆ. ಎರಡು ತಿಂಗಳ ರಾತ್ರಿಗಳು ಹೋದವು. ಈಗ ಒಂದು ಪಟ್ಟಿ ಹದಿನೈದು ಸೆಕೆಂಡಿನೊಳಗೆ ಹೊರಬರುತ್ತದೆ. ಒತ್ತಕ್ಷರ ಬಂದ ಸಾಲನ್ನು ಮಾತ್ರ ಹಿಗ್ಗಿಸಿ ಬಾರದ ಸಾಲನ್ನು ಕುಗ್ಗಿಸುವ ಲೆಕ್ಕ ಒಂದಿದೆ. ಅದನ್ನು ಹೇಳುವುದಿಲ್ಲ, ನನ್ನ ಅನ್ನ ಅದರಲ್ಲಿದೆ.

ತೂಕದ ಯಂತ್ರದ್ದು ಇನ್ನೊಂದು ಕಥೆ. ಸೀರಿಯಲ್ ಪೋರ್ಟಿನ ಕೇಬಲ್ ಮೂಲಕ ಕಂಪ್ಯೂಟರಿಗೆ ತೂಕ ಸುರಿಯುತ್ತಲೇ ಇರುತ್ತದೆ, ಅಂಕಿ ನಿಂತದ್ದು ಯಾವಾಗ ಎಂದು ನಾವು ಗುರುತಿಸಬೇಕು. ಮೂರು ಸಲ ಒಂದೇ ಅಂಕಿ ಬಂದರೆ ನಿಂತಿತೆಂದು ತಿಳಿದೆ. ಮೊದಲ ದಿನವೇ ಒಂದು ಚೀಲ 71 ಕಿಲೋ, ಉಳಿದವೆಲ್ಲ 66ರ ಆಸುಪಾಸು. ಹೋಗಿ ನೋಡಿದರೆ ಹಮಾಲಿ ಚೀಲ ಇಳಿಸಿ, ದಣಿವಾರಿಸಿಕೊಳ್ಳಲು ಅದರ ಮೇಲೆ ಕೈ ಊರಿ ನಿಂತಿದ್ದ. ಪಾಪ, ಅವನ ಕೈಯೂ ಅಲುಗಾಡಲಿಲ್ಲ. ಈಗಿನ ಕ್ರಮ ಬೇರೆ. ಚೀಲ ಇಳಿಯುವಾಗ ಅಂಕಿ ಹೇಗೆ ಏರುತ್ತದೆ ಎಂಬುದನ್ನೂ ನೋಡುತ್ತದೆ ಎಂದಷ್ಟೇ ಹೇಳುತ್ತೇನೆ.

ಅದೇ ಮಂಡಿಯಲ್ಲಿ ಇನ್ನೊಂದು ಜಗಳ. 38 ಚೀಲದ ಲಾಟಿಗೆ ನನ್ನ ಪಟ್ಟಿಯೂ ಗುಮಾಸ್ತರ ಕೈಬರಹದ ಪಟ್ಟಿಯೂ ಒಂದಾಗಲಿಲ್ಲ, ಒಂದು ಕಿಲೋಗೆ ಸ್ವಲ್ಪ ಕಡಿಮೆ ವ್ಯತ್ಯಾಸ. ಇಡೀ ರಾತ್ರಿ ಕೋಡ್ ತಡಕಾಡಿದೆ. ಕೋಡಿನಲ್ಲಿ ತಪ್ಪಿರಲಿಲ್ಲ. ಅವರು ಪ್ರತಿ ಚೀಲದಲ್ಲೂ ಕೊನೆಯ 50 ಗ್ರಾಂ ಬಿಟ್ಟು ಬರೆದುಕೊಳ್ಳುತ್ತಿದ್ದರು. ನಾನು ಎಲ್ಲ ಕೂಡಿಸಿ ಕೊನೆಗೆ ಬಿಡುತ್ತಿದ್ದೆ. ಮೂವತ್ತೆಂಟರಲ್ಲಿ ಹತ್ತೊಂಬತ್ತು ಚೀಲಕ್ಕೆ ಆ 50 ಗ್ರಾಂ ಬಾಲ ಇತ್ತು, ಅಂದರೆ 950 ಗ್ರಾಂ. ‘ಅಜ್ಜನ ಕಾಲದಿಂದ ಹೀಗೇ’ ಎಂದರು ಸಾಹುಕಾರರು. ವಾದ ಮಾಡಲಿಲ್ಲ. ಎರಡೂ ಕ್ರಮವನ್ನು ಸೆಟ್ಟಿಂಗ್ ಮಾಡಿ, ಯಾವುದನ್ನು ಬಳಸಿದ್ದಾರೆ ಎಂಬುದು ಪಟ್ಟಿಯ ಅಡಿಯಲ್ಲಿ ಕನ್ನಡದಲ್ಲಿ ಅಚ್ಚಾಗುವಂತೆ ಮಾಡಿದೆ. ಎರಡು ಸುಗ್ಗಿ ಕಳೆಯುವುದರೊಳಗೆ ಹೆಚ್ಚುಕಡಿಮೆ ಎಲ್ಲರೂ ಕೂಡಿಸಿ ಬಿಡುವ ಕ್ರಮಕ್ಕೆ ಬಂದರು. ಪಟ್ಟಿಯ ಅಡಿಯ ಸಾಲನ್ನೂ ರೈತರು ಓದುತ್ತಾರೆ.

ಇಷ್ಟಾದರೂ ದುಡ್ಡು ಬರಲಿಲ್ಲ. ಅದಕ್ಕೆ ಕಾರಣ ನಾನು ಇಟ್ಟ ಬೆಲೆ. ಒಂದೇ ಸಲ 18,000 ರೂಪಾಯಿ, ಜೀವಮಾನವಿಡೀ ಉಚಿತ ಸೇವೆ. ಹದಿನಾಲ್ಕು ಮಂಡಿ, ಎರಡು ವರ್ಷ, ಒಟ್ಟು ಎರಡೂವರೆ ಲಕ್ಷ. ಫೋನು ಬೆಳಿಗ್ಗೆ ಏಳಕ್ಕೆ ಶುರುವಾದರೆ ರಾತ್ರಿಯವರೆಗೆ. ಪ್ರಿಂಟರಿಗೆ ಹಾಳೆ ಸಿಕ್ಕಿಕೊಂಡರೂ ನನಗೇ ಕರೆ. 2020ರಲ್ಲಿ ಎಪಿಎಂಸಿ ಸೆಸ್ ದರ ಒಂದಕ್ಕಿಂತ ಹೆಚ್ಚು ಸಲ ಬದಲಾಯಿತು, ಪ್ರತಿ ಸಲವೂ ಹದಿನಾಲ್ಕು ಕಡೆ ಪುಕ್ಕಟೆ ಓಡಾಟ. ದರವನ್ನು ಕೋಡಿನಲ್ಲಿ ಬರೆದಿದ್ದ ಮೂರ್ಖ ನಾನೇ, ಆಮೇಲೆ ದಿನಾಂಕಸಹಿತ ಕೋಷ್ಟಕಕ್ಕೆ ಸರಿಸಿದೆ. ಆ ದಿನಗಳಲ್ಲಿ ಮನೆ ನಡೆದದ್ದು ಹೊರದೇಶದ ಒಬ್ಬ ಗಿರಾಕಿಗೆ ರಾತ್ರಿ ಹೊತ್ತು ಮಾಡಿದ ಗುತ್ತಿಗೆ ಕೆಲಸದಿಂದ, ತಾಸಿಗೆ 22 ಡಾಲರ್. ಆ ಸಂಪಾದನೆಗೆ ಆಗಿನ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಂ ಅನುಕೂಲವಾಗಿತ್ತು, ಬಂದದ್ದರಲ್ಲಿ ಅರ್ಧವನ್ನು ಲಾಭವೆಂದು ತೋರಿಸಿದರೆ ಮುಗಿಯುತ್ತಿತ್ತು, ಪುಸ್ತಕ ಇಡುವ ತಲೆನೋವಿರಲಿಲ್ಲ. ಸ್ವಂತ ಉದ್ಯೋಗಕ್ಕೆ ಇಳಿಯುವವರು ಇಂಥ ಒಂದು ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡೇ ಇಳಿಯಬೇಕು. ಉಳಿತಾಯವೊಂದನ್ನೇ ನಂಬಿದ್ದರೆ ನಾನು ಆ ರೈಲು ಹತ್ತುತ್ತಿದ್ದೆ.

2021ರ ಮಳೆಗಾಲದಲ್ಲಿ ಹದಿನಾಲ್ಕೂ ಮಂಡಿಗಳಿಗೆ ಹೋಗಿ ಕೂತು ಹೇಳಿದೆ: ಇನ್ನು ತಂತ್ರಾಂಶಕ್ಕೆ ಬೆಲೆ ಇಲ್ಲ, ಪುಕ್ಕಟೆ. ವರ್ಷಕ್ಕೆ 12,000 ನಿರ್ವಹಣೆಗೆ. ಕೊಡದಿದ್ದರೂ ತಂತ್ರಾಂಶ ನಿಲ್ಲುವುದಿಲ್ಲ, ಹಳೆಯ ಪಟ್ಟಿಗಳೆಲ್ಲ ಸಿಗುತ್ತವೆ, ಆದರೆ ನಾನು ಫೋನ್ ಎತ್ತುವುದಿಲ್ಲ. ಗೆಳೆಯರೆಲ್ಲ ‘ಬೀಗ ಹಾಕು, ಹಣ ಕೊಡದಿದ್ದರೆ ತೆರೆಯಬಾರದು’ ಎಂದಿದ್ದರು. ಊರಿನಲ್ಲಿ ಬದುಕುವವನು ಇನ್ನೊಬ್ಬರ ಲೆಕ್ಕಕ್ಕೆ ಬೀಗ ಹಾಕಿ ಮದುವೆಮನೆಯ ಪಂಕ್ತಿಯಲ್ಲಿ ಎದುರು ಕೂರಲಾದೀತೇ? ಐವರು ಸಿಟ್ಟಾದರು. ಮೂವರು ಬಿಟ್ಟೇ ಹೋದರು. ಉಳಿದ ಹನ್ನೊಂದು ಮಂದಿ ಕೊಟ್ಟರು: 1,32,000. ಅಳವಡಿಸಿದ ತಾರೀಖಿಗೆ ಹಣ ಕೇಳುವುದನ್ನೂ ನಿಲ್ಲಿಸಿದೆ. ಎಲ್ಲರದ್ದೂ ಯುಗಾದಿಗೆ. ಸುಗ್ಗಿಯ ಹಣ ಆಡುತ್ತಿರುತ್ತದೆ, ವರ್ಷದ ಲೆಕ್ಕ ಮುಗಿಸುವ ಕಾಲ, ನನ್ನದೂ ಅದರಲ್ಲೊಂದು ಬಾಬ್ತು.

ಕೆಲಸದ ಕ್ರಮವೂ ಅದೇ ಪಂಚಾಂಗಕ್ಕೆ ಬಂತು. ಡಿಸೆಂಬರಿನಿಂದ ಮೇವರೆಗೆ ಒಂದೇ ಒಂದು ಹೊಸ ಆವೃತ್ತಿ ಇಲ್ಲ, ತಪ್ಪು ತಿದ್ದುವುದಷ್ಟೇ. ಮಳೆ ಹಿಡಿದ ಮೇಲೆ ಮಂಡಿಗಳು ತಣ್ಣಗಿರುತ್ತವೆ, ಆಗ ಹೋಗಿ ಅಳವಡಿಸುವುದು, ಕಲಿಸುವುದು. ಕಂಪನಿಯಲ್ಲಿ ಎರಡು ವಾರಕ್ಕೊಂದು ಬಿಡುಗಡೆ ಎಂದು ಕುಣಿಯುತ್ತಿದ್ದೆವು. ಯಾರ ಸುಗ್ಗಿ, ಯಾರ ಮಳೆ ಎಂದು ಒಬ್ಬನೂ ಕೇಳಿದ್ದಿಲ್ಲ.

ನಿಜವಾದ ತಿರುವು ತಂದದ್ದು ಸರ್ಕಾರ. ವ್ಯಾಪಾರಿಗಳ ನಡುವಿನ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವುದಕ್ಕೆ ಇ-ಇನ್‌ವಾಯ್ಸ್ ಎನ್ನುತ್ತಾರೆ; ಅದು ಕಡ್ಡಾಯವಾಗುವ ವಾರ್ಷಿಕ ವಹಿವಾಟಿನ ಮಿತಿ 2022ರ ಅಕ್ಟೋಬರಿನಲ್ಲಿ 10 ಕೋಟಿಗೆ, 2023ರ ಆಗಸ್ಟ್‌ನಲ್ಲಿ 5 ಕೋಟಿಗೆ ಇಳಿಯಿತು. ಕ್ವಿಂಟಲ್‌ಗೆ 50,000 ರೂಪಾಯಿ ಹಿಡಿದರೆ 5 ಕೋಟಿ ಎಂದರೆ ಸಾವಿರ ಕ್ವಿಂಟಲ್. ಸಣ್ಣ ಮಂಡಿಗಳೂ ಬಲೆಗೆ ಬಿದ್ದವು. ಕೈಬರಹದ ಬಿಲ್ಲಿಗೆ ಐಆರ್‌ಎನ್, ಅಂದರೆ ಪೋರ್ಟಲ್ ಕೊಡುವ ನೋಂದಣಿ ಸಂಖ್ಯೆ, ಎಲ್ಲಿಂದ ತರುತ್ತಾರೆ? ನಾನು ಆರು ತಿಂಗಳು ಮೊದಲೇ ಸಿದ್ಧಮಾಡಿಟ್ಟಿದ್ದೆ, ಮೊದಲು ಜೇಸನ್ ಕಡತವನ್ನು ಪೋರ್ಟಲ್‌ಗೆ ಏರಿಸುವ ಕ್ರಮ, ಆಮೇಲೆ ಜಿಎಸ್‌ಪಿ ಎಂಬ ಮಧ್ಯವರ್ತಿ ಸಂಸ್ಥೆಯ ಮೂಲಕ ನೇರ. ಒಂದು ಎಡವಟ್ಟಾಯಿತು: ಪೋರ್ಟಲ್ ಡಿಜಿಟಲ್ ಸಹಿ ಹಾಕಿ ಕೊಡುವ ಕ್ಯೂಆರ್ ಕೋಡ್ ಎಷ್ಟು ದಟ್ಟವೆಂದರೆ ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಅಚ್ಚಾದದ್ದನ್ನು ಯಾವ ಫೋನೂ ಓದಲಿಲ್ಲ. ಹಠಕ್ಕೆ ಬಿದ್ದು ಮೂರು ವಾರ ಹಾಳುಮಾಡಿದೆ. ಕೊನೆಗೆ ಖರೀದಿದಾರರ ಬಿಲ್ಲಿಗೆ ಲೇಸರ್, ರೈತರ ಪಟ್ಟಿಗೆ ಹಳೆಯ ಯಂತ್ರ. ಆ ಒಂದು ವರ್ಷದಲ್ಲಿ 26 ಹೊಸ ಮಂಡಿಗಳು ಬಂದವು, ಸಿದ್ದಾಪುರ, ಶಿರಸಿ, ಯಲ್ಲಾಪುರದಿಂದಲೂ. ಬಿಟ್ಟು ಹೋದ ಮೂವರಲ್ಲಿ ಒಬ್ಬರು ತಿರುಗಿ ಬಂದದ್ದೂ ಆಗಲೇ. ಏನೂ ಆಗಿಲ್ಲವೆಂಬಂತೆ ಚಹಾ ತರಿಸಿದರು.

ನಡುನಡುವೆ ಮಾಡಿದ ಹುಚ್ಚಾಟಗಳು ಬೇರೆ. ಅಡಿಕೆ ಒಣಗಿಸುವ ಡ್ರೈಯರಿಗೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕಟ್ಟಿ ತಾಪಮಾನ, ತೇವಾಂಶ ನೋಡುವ ಉಪಕರಣ ಮಾಡಿದೆ. ಬೇಯಿಸಿದ ಅಡಿಕೆಯ ಹಬೆಗೆ ಸಂವೇದಕ ವಾರಕ್ಕೊಂದು ಸತ್ತಿತು. 14,000 ಹೋಯಿತು. ಅಪ್ಪ ಅಡಿಕೆಯನ್ನು ಕೈಯಲ್ಲಿ ಕುಲುಕಿ ಸದ್ದು ಕೇಳಿ ‘ಇನ್ನೆರಡು ದಿನ’ ಎನ್ನುತ್ತಾನೆ, ಅದು ಉಪಕರಣಕ್ಕಿಂತ ಸರಿಯಾಗಿತ್ತು. ಧ್ವನಿಯಿಂದ ಹೆಸರು ದಾಖಲಿಸುವುದನ್ನೂ ನೋಡಿದೆ. ಗಣಪತಿ ಎಂದರೆ ಮುನ್ನೂರು ಗಣಪತಿಗಳು ಬಂದು ನಿಂತರು. ಹುಡುಕಾಟಕ್ಕೆ ಹೆಸರಿಗಿಂತ ಊರು ಮೊದಲು ಎಂಬ ಬುದ್ಧಿ ಬಂದದ್ದು ಮಾತ್ರ ಅದರ ಲಾಭ.

ಈಗ ವರ್ಷಕ್ಕೆ ಮಂಡಿಯೊಂದಕ್ಕೆ 16,000. ಎಲ್ಲ ಸೇರಿ ಹತ್ತು ಲಕ್ಷಕ್ಕೆ ಸ್ವಲ್ಪ ಕಡಿಮೆ, ರಾತ್ರಿಯ ಗುತ್ತಿಗೆ ಕೆಲಸ ವಾರಕ್ಕೆ ಕೆಲವೇ ತಾಸಿಗೆ ಇಳಿದಿದೆ, ಅದರಿಂದ ನಾಲ್ಕೈದು ಲಕ್ಷ. ನನ್ನ ಜೊತೆಯವರ ಸಂಬಳ ಇದರ ಮೂರು ಪಟ್ಟು, ನನಗೆ ಗೊತ್ತು. ಆದರೆ ಅವರ ಮನೆ ಸಾಲದ ಕಂತು ನನ್ನ ಮನೆಯ ಇಡೀ ತಿಂಗಳ ಖರ್ಚಿನ ಎರಡು ಪಟ್ಟು, ಅದೂ ನನಗೆ ಗೊತ್ತು. ಅಪ್ಪನ ಮನೆ, ಅಪ್ಪನ ತೋಟ ಇಲ್ಲದಿದ್ದರೆ ಈ ಲೆಕ್ಕ ಕೂಡುತ್ತಿರಲಿಲ್ಲ. ಬಾಡಿಗೆ ಮನೆಯಲ್ಲಿ ಇರುವವನು ನನ್ನನ್ನು ನೋಡಿ ಕೆಲಸ ಬಿಡಬೇಡ.

ಕೃತಕ ಬುದ್ಧಿಮತ್ತೆ ಬಂದಿದೆ, ಇನ್ನು ನಿನ್ನ ಕಥೆ ಮುಗಿಯಿತು ಎಂದು ಸಾಹುಕಾರರೊಬ್ಬರ ಮಗ ಹೇಳಿದ. ಎಂಜಿನಿಯರಿಂಗ್ ಓದುವ ಹುಡುಗ. ಒಂದು ಸಂಜೆಯಲ್ಲಿ ಪಟ್ಟಿಯ ತಂತ್ರಾಂಶ ಬರೆಸಿಯೂ ತೋರಿಸಿದ, ನನ್ನದಕ್ಕಿಂತ ಚಂದವಿತ್ತು, ಸುಳ್ಳು ಹೇಳುವುದಿಲ್ಲ. ನಾನೂ ಬಳಸುತ್ತೇನೆ. ಆ ವಾರವೇ ಅವರ ತೂಕದ ಯಂತ್ರ ಸೊನ್ನೆ ತೋರಿಸತೊಡಗಿತು. ಚೀಲಗಳ ಹಿಂದೆ ತೆವಳಿ ನೋಡಿದರೆ ಕೇಬಲ್ ಇಲಿ ಕಡಿದಿತ್ತು. ನನ್ನ ಬೈಕಿನ ಪೆಟ್ಟಿಗೆಯಲ್ಲಿ ಹತ್ತು ಮೀಟರ್ ಕೇಬಲ್, ಬೆಸುಗೆ ಕಡ್ಡಿ, ಎರಡು ಯುಎಸ್‌ಬಿ ಪರಿವರ್ತಕ ಯಾವಾಗಲೂ ಇರುತ್ತವೆ. ಮೇ ತಿಂಗಳ ಸಿಡಿಲಿಗೆ ಪರಿವರ್ತಕಗಳು ಹೂವಿನಂತೆ ಉದುರುತ್ತವೆ.

ಬರುವ ಯುಗಾದಿಗೆ 18,000 ಮಾಡಬೇಕೆಂದಿದ್ದೇನೆ. ಮೂವರಿಗೆ ಈಗಾಗಲೇ ಬಾಯಿಮಾತಿನಲ್ಲಿ ಹೇಳಿ ನೋಡಿದೆ. ಇಬ್ಬರು ಚೌಕಾಸಿ ಮಾಡಿದರು. ಮೂರನೆಯವರು ಆಗಲಿ ಎಂದರು, ಪಟ್ಟಿಯ ತಲೆಯಲ್ಲಿ ಅವರ ಮಂಡಿಯ ಹೆಸರು ಇನ್ನೂ ಸ್ವಲ್ಪ ದಪ್ಪಗೆ ಬರಬೇಕಂತೆ. ಆ ಸಾಲಿಗೆ ಐದು ಓಟ ಬೇಕಾಗುತ್ತದೆ, ಈ ವಾರ ಅದನ್ನೇ ಮಾಡುತ್ತಿದ್ದೇನೆ.