ಒಪ್ಪಿದ ಅಂಕಿಯನ್ನು ಬದಲಿಸಿ ಕಳೆದುಕೊಂಡ ಕೆಲಸ

2022ರ ಜೂನ್ ತಿಂಗಳಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿದ್ದ ಒಂದು ಕಂಪನಿಯ ಆಫರ್ ನನ್ನ ಕೈತಪ್ಪಿತು. ಆಗ ನನಗೆ ಜಾವಾ ಬ್ಯಾಕೆಂಡ್ ಸಾಫ್ಟ್‌ವೇರ್ ಕೆಲಸದಲ್ಲಿ ಆರು ವರ್ಷಗಳ ಅನುಭವವಿತ್ತು. ಸಿಟಿಸಿ, ಅಂದರೆ ಕಂಪನಿಯು ನನಗಾಗಿ ಮಾಡುವ ಒಟ್ಟು ಖರ್ಚು, ವರ್ಷಕ್ಕೆ 16 ಲಕ್ಷ ರೂಪಾಯಿ; ರಾಜೀನಾಮೆ ಕೊಟ್ಟ ಮೇಲೂ ದುಡಿಯಬೇಕಾದ ನೋಟಿಸ್ ಅವಧಿ 90 ದಿನ. ಹೆಚ್ಚು ಸಂಬಳ ಕೇಳಿದ್ದಕ್ಕೆ ಕೆಲಸ ಹೋಯಿತು ಎಂದು ಮನೆಯವರಿಗೂ ಗೆಳೆಯರಿಗೂ ಬಹಳ ದಿನ ಹೇಳಿಕೊಂಡು ಬಂದೆ. ನಡೆದದ್ದನ್ನು ಇದ್ದ ಹಾಗೆ ಬರೆಯಬೇಕೆಂದು ಈಗ ಅನ್ನಿಸಿದೆ.

ಮೊದಲ ಫೋನ್ ಕರೆಯಲ್ಲೇ ಎಚ್‌ಆರ್ ವಿಭಾಗದವರು ನನ್ನ ನಿರೀಕ್ಷೆ ಎಷ್ಟೆಂದು ಕೇಳಿದರು. ಇದ್ದುದರ ಮೇಲೆ ಅರ್ಧದಷ್ಟು ಸೇರಿಸಿ 24 ಲಕ್ಷ ಎಂದೆ. ಆ ಅಂಕಿಗೆ ಇದ್ದ ಆಧಾರ ಅಷ್ಟೇ. ಕೋಡಿಂಗ್, ಸಿಸ್ಟಂ ಡಿಸೈನ್, ಮ್ಯಾನೇಜರ್ ಸುತ್ತುಗಳು ಮುಗಿದ ಮೇಲೆ ಅದೇ ಎಚ್‌ಆರ್ ಮೇಡಂ ಕರೆ ಮಾಡಿ, 24 ಲಕ್ಷಕ್ಕೆ ಒಪ್ಪಿಗೆ ಸಿಕ್ಕಿದೆ, ವಾರದೊಳಗೆ ಆಫರ್ ಲೆಟರ್ ಬರುತ್ತದೆ ಎಂದರು. ನಾನೂ ಒಪ್ಪಿದೆ. ಲೆಟರ್ ಕೈಗೆ ಬರುವ ಮೊದಲೇ, ಅದೇ ಸಂಜೆ, ಹಳೆಯ ಕಂಪನಿಯಲ್ಲಿ ರಾಜೀನಾಮೆ ಕೊಟ್ಟೆ. ಇದು ಮೊದಲ ತಪ್ಪು.

ನಾಲ್ಕು ದಿನಗಳ ನಂತರ ಸಂಬಳದ ವಿವರಪಟ್ಟಿ ಮೇಲ್‌ನಲ್ಲಿ ಬಂದಾಗ ಮೊದಲ ಬಾರಿಗೆ ಲೆಕ್ಕ ಹಾಕಿದೆ. 24 ಲಕ್ಷದಲ್ಲಿ ಮೂಲವೇತನ 12 ಲಕ್ಷ. ಅದರ ಶೇ. 12ರಂತೆ ಕಂಪನಿಯು ಕಟ್ಟುವ ಪಿಎಫ್ (ಭವಿಷ್ಯ ನಿಧಿ) 1,44,000 ರೂಪಾಯಿ, ಶೇ. 4.81ರಂತೆ ಗ್ರಾಚ್ಯುಟಿ 57,720 ರೂಪಾಯಿ, ವರ್ಷದ ಕೊನೆಯಲ್ಲಿ ಸಾಧನೆ ನೋಡಿ ಕೊಡುವ ವೇರಿಯಬಲ್ ಪೇ 2,40,000 ರೂಪಾಯಿ, ಇವೆಲ್ಲವೂ 24 ಲಕ್ಷದ ಒಳಗೇ ಸೇರಿದ್ದವು. ಇವನ್ನು ಕಳೆದರೆ ಉಳಿಯುವುದು 19,58,280 ರೂಪಾಯಿ, ಅಂದರೆ ತಿಂಗಳಿಗೆ 1,63,190. ಅದರಲ್ಲಿ ನನ್ನ ಪಾಲಿನ ಪಿಎಫ್ 12,000, ವೃತ್ತಿ ತೆರಿಗೆ 200, ಮೇಲೆ ಆದಾಯ ತೆರಿಗೆ ಕಡಿತವಾಗುತ್ತಿತ್ತು. ಐದು ವರ್ಷ ಸೇವೆ ತುಂಬಿದ ಮೇಲಷ್ಟೇ ಕೈಗೆ ಬರುವ ಗ್ರಾಚ್ಯುಟಿಯನ್ನು, ಮೂರು ವರ್ಷಕ್ಕೊಮ್ಮೆ ಕೆಲಸ ಬದಲಿಸುವ ನಮ್ಮಂಥವರು ಸಂಬಳವೆಂದು ಎಣಿಸುವುದೇ ಸರಿಯಲ್ಲ. ಮೋಸ ಹೋದೆನೆಂದು ಆಗ ಅನ್ನಿಸಿತು. ಆದರೆ ನಿರೀಕ್ಷೆ ಸಿಟಿಸಿಯ ಲೆಕ್ಕದಲ್ಲೋ ನಿಶ್ಚಿತ ವೇತನದ ಲೆಕ್ಕದಲ್ಲೋ ಎಂಬುದನ್ನು ನಾನೇ ಹೇಳಿರಲಿಲ್ಲ.

ಅದೇ ವಾರ ಸಹೋದ್ಯೋಗಿಯೊಬ್ಬರು, ತಮಗೆ 32 ಲಕ್ಷ ಸಿಕ್ಕಿದೆ, ನೀವೂ ಕೇಳಿ, ನೋಟಿಸ್‌ನಲ್ಲಿ ಇನ್ನೂ ಎಂಬತ್ತು ದಿನ ಇದೆಯಲ್ಲ ಎಂದರು. ಒಂದು ಆಫರ್ ಹಿಡಿದು ಇನ್ನೊಂದು ತರುವುದು ಆ ಹಿಂದಿನ ವರ್ಷ ನಮ್ಮಲ್ಲಿ ಎಲ್ಲರೂ ಮಾಡುತ್ತಿದ್ದ ಕೆಲಸ. ನನ್ನ ಕೈಯಲ್ಲಿ ಎರಡನೆಯ ಆಫರ್ ಇರಲಿಲ್ಲ. ಆದರೂ, ಮಾರುಕಟ್ಟೆಯ ದರ ಹೀಗಿದೆ, 30 ಲಕ್ಷವಾದರೆ ಮಾತ್ರ ಸೇರಬಲ್ಲೆ ಎಂದು ಮೇಲ್ ಬರೆದೆ. ಮೂರನೆಯ ದಿನ ಉತ್ತರ ಬಂತು: ನಿಮ್ಮ ನಿರೀಕ್ಷೆಗೂ ನಮ್ಮ ಬಜೆಟ್‌ಗೂ ಹೊಂದಿಕೆಯಾಗುತ್ತಿಲ್ಲ, ಶುಭವಾಗಲಿ. ಹಾಗಾದರೆ 24ಕ್ಕೇ ಬರುತ್ತೇನೆ ಎಂದು ಕರೆ ಮಾಡಿದಾಗ, ಬೇರೊಬ್ಬ ಅಭ್ಯರ್ಥಿಯೊಂದಿಗೆ ಮಾತು ಮುಂದುವರಿದಿದೆ ಎಂದರು.

ವಕೀಲಿಕೆ ಮಾಡುವ ನಮ್ಮ ಚಿಕ್ಕಪ್ಪನನ್ನು ಕೇಳಿದೆ. ಆಫರ್ ಲೆಟರ್ ಬಂದಿರಲಿಲ್ಲ, ಸಹಿಯೂ ಆಗಿರಲಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ಸ್ವೀಕೃತಿ ಷರತ್ತಿಲ್ಲದೆ ಪೂರ್ಣವಾಗಿರಬೇಕು, 30 ಕೊಟ್ಟರೆ ಬರುತ್ತೇನೆ ಎಂಬ ಬರಹ ಸ್ವೀಕೃತಿಯಾಗುವುದಿಲ್ಲ, ಅದು ನಿನ್ನ ಹೊಸ ಪ್ರಸ್ತಾವ, ಅದನ್ನು ಅವರು ನಿರಾಕರಿಸಿದ್ದಾರೆ ಎಂದು ಬಿಡಿಸಿ ಹೇಳಿದರು. ಇತ್ತ ಹಳೆಯ ಕಂಪನಿಯಲ್ಲಿ ರಾಜೀನಾಮೆ ಹಿಂಪಡೆಯಲು ಹೋದರೆ ನನ್ನ ಜಾಗಕ್ಕೆ ಒಬ್ಬರನ್ನು ಆಗಲೇ ಆರಿಸಿದ್ದರು. ಗೃಹಸಾಲದ ಕಂತು ಇದ್ದುದರಿಂದ ಆ ರಾತ್ರಿಗಳು ಬಹಳ ಕಷ್ಟದವಾಗಿದ್ದವು.

ನೇಮಕಾತಿಯ ಬದಿಯಿಂದ ಇದು ಹೇಗೆ ಕಾಣುತ್ತದೆ ಎಂಬುದನ್ನು ಬೇರೊಂದು ಕಂಪನಿಯಲ್ಲಿ ಹಿರಿಯ ಮ್ಯಾನೇಜರ್ ಆಗಿರುವ ಸ್ನೇಹಿತೆ ತಿಳಿಸಿದರು. ಪ್ರತಿ ಹುದ್ದೆಗೂ ಒಂದು ವೇತನ ಬ್ಯಾಂಡ್, ಅಂದರೆ ಕನಿಷ್ಠದಿಂದ ಗರಿಷ್ಠದವರೆಗಿನ ಸಂಬಳದ ಮಿತಿ, ಇರುತ್ತದೆ. ಅಭ್ಯರ್ಥಿ ಹೇಳಿದ ಅಂಕಿಯನ್ನು ಇಟ್ಟುಕೊಂಡು ಮ್ಯಾನೇಜರ್ ಹಣಕಾಸು ವಿಭಾಗದ ಒಪ್ಪಿಗೆ ಪಡೆದಿರುತ್ತಾರೆ. ಅಭ್ಯರ್ಥಿ ಅಂಕಿ ಬದಲಿಸಿದರೆ ಅವರು ಮತ್ತೆ ಹೋಗಿ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಅದಕ್ಕಿಂತ ದೊಡ್ಡದು ನಂಬಿಕೆಯ ಪ್ರಶ್ನೆ. ಆಫರ್ ಒಪ್ಪಿಕೊಂಡು 90 ದಿನ ಕಾಯಿಸಿ ಸೇರುವ ದಿನ ಬಾರದವರನ್ನು ಅವರು ಸಾಕಷ್ಟು ಕಂಡಿದ್ದರು. ನನ್ನ ಮೇಲ್ ಅಂಥವರ ಮೇಲ್‌ನಂತೆಯೇ ಕಂಡಿರಬೇಕು. ಜೊತೆಗೆ 2022ರ ಮಧ್ಯದ ಹೊತ್ತಿಗೆ ನವೋದ್ಯಮಗಳಿಗೆ ಬರುತ್ತಿದ್ದ ಬಂಡವಾಳ ಇಳಿಯತೊಡಗಿತ್ತು. ಹಿಂದಿನ ವರ್ಷದ ದರವನ್ನು ಹಿಡಿದು ನಾನು ಈ ವರ್ಷದ ಮಾತು ಆಡಿದ್ದೆ.

ಮುಂದಿನ ಸಂದರ್ಶನಗಳಲ್ಲಿ ಮೊದಲ ಕರೆಯಲ್ಲೇ ಈ ಹುದ್ದೆಯ ಬ್ಯಾಂಡ್ ಎಷ್ಟು ಎಂದು ನಾನೇ ಕೇಳತೊಡಗಿದೆ. ಕೆಲವರು ಹೇಳಲಿಲ್ಲ, ಬಹುತೇಕರು ಹೇಳಿದರು. ನನ್ನ ನಿರೀಕ್ಷೆಯನ್ನು ಸಿಟಿಸಿಯಲ್ಲಿ ಹೇಳದೆ, ಪಿಎಫ್, ಗ್ರಾಚ್ಯುಟಿ, ವೇರಿಯಬಲ್ ಬಿಟ್ಟು ನಿಶ್ಚಿತ ವೇತನ 21 ಲಕ್ಷ ಎಂದು ಹೇಳಿ, ಅದೇ ದಿನ ಮೇಲ್‌ನಲ್ಲೂ ಬರೆದು ಕಳಿಸುತ್ತಿದ್ದೆ. ಕೊನೆಯವರೆಗೂ ಆ ಅಂಕಿಯನ್ನು ಬದಲಿಸಲಿಲ್ಲ. ಷೇರುಗಳ ಮಾತು ಬಂದಾಗ ನಾಲ್ಕು ವರ್ಷದಲ್ಲಿ ಹಂತಹಂತವಾಗಿ ಕೈಸೇರುವ ಇಸಾಪ್‌ಗಳನ್ನು (ನೌಕರರಿಗೆ ಕಂಪನಿ ಕೊಡುವ ಷೇರು ಆಯ್ಕೆಗಳನ್ನು) ಲೆಕ್ಕದಿಂದ ಹೊರಗಿಟ್ಟೆ, ಏಕೆಂದರೆ ಮೊದಲ ವರ್ಷ ಮುಗಿಯದೆ ಅವುಗಳಲ್ಲಿ ಒಂದೂ ನನ್ನದಾಗುತ್ತಿರಲಿಲ್ಲ.

ನೋಟಿಸ್ ಮುಗಿಯಲು ಹನ್ನೊಂದು ದಿನ ಇದ್ದಾಗ 23 ಲಕ್ಷದ ಆಫರ್ ಬಂತು. ಹಿಂದಿನದಕ್ಕಿಂತ ಒಂದು ಲಕ್ಷ ಕಡಿಮೆ. ಆದರೆ ಇದರಲ್ಲಿ ವೇರಿಯಬಲ್ ಇರಲಿಲ್ಲ, ಮೂಲವೇತನ ಶೇ. 40 ಆಗಿತ್ತು, ಪಿಎಫ್ ಮತ್ತು ಗ್ರಾಚ್ಯುಟಿ ಕಳೆದು ವರ್ಷಕ್ಕೆ 21,45,348 ರೂಪಾಯಿ, ತಿಂಗಳಿಗೆ ಸುಮಾರು 1,78,779 ಉಳಿಯುತ್ತಿತ್ತು. ಮೂಲವೇತನ ಇಳಿದದ್ದರಿಂದ ಪಿಎಫ್ ಉಳಿತಾಯ ಕಡಿಮೆಯಾಗುವುದು ನಿಜ, ಅದನ್ನು ತಿಳಿದೇ ಒಪ್ಪಿದೆ. ಸೇರುವಾಗ ಕೊಡುವ ಬೋನಸ್ ಅನ್ನು ಒಂದು ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕೆಂಬ ಷರತ್ತು ತೆರಿಗೆ ಕಳೆದ ಮೊತ್ತಕ್ಕೋ ಪೂರ್ತಿ ಮೊತ್ತಕ್ಕೋ ಎಂದು ಕೇಳಿ, ಮೇಲ್‌ನಲ್ಲಿ ಉತ್ತರ ಬಂದ ಮೇಲೆ ಸಹಿ ಹಾಕಿದೆ.